ಭಗ್ನಕೀಲಕೋತ್ಪಾಟನ ಮೀಮಾಂಸೆ: ಮೇಲವಂಕಿ ಸೀಮೆಯನ್ನು ಅನುಲಕ್ಷಿಸಿ

ಅಧ್ಯಾಯ ಒಂದು: ವ್ಯಾಪ್ತಿ, ಮಿತಿ, ಪೂರ್ವಾಧ್ಯಯನ

ಎಂಜಿನ್ ಬ್ಲಾಕಿನೊಳಗೆ ಮುರಿದು ಉಳಿದ ಬೋಲ್ಟಿನ ತುಂಡನ್ನು ಹೊರತೆಗೆಯುವ ಕ್ರಿಯೆಯನ್ನು ತಾತ್ವಿಕ, ಸಾಂಸ್ಕೃತಿಕ ಹಾಗೂ ಅನುಸಂಧಾನಾತ್ಮಕ ನೆಲೆಗಳಲ್ಲಿ ಶೋಧಿಸುವುದು ಪ್ರಸ್ತುತ ಅಧ್ಯಯನದ ಆಶಯ. ವ್ಯಾಪ್ತಿ: ಮೇಲವಂಕಿಯ ಸುತ್ತಲಿನ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಟ್ರ್ಯಾಕ್ಟರುಗಳು, ಹೊಳೆದಂಡೆಯ ಡೀಸೆಲ್ ಎಂಜಿನ್ನುಗಳು ಮತ್ತು ಕಬ್ಬಿನ ಹಂಗಾಮಿನಲ್ಲಿ ಅವುಗಳ ಮುಂದೆ ತಲೆಗೆ ಕೈಹಚ್ಚಿ ಕುಳಿತ ಜನ. ಮಿತಿ: ಅಧ್ಯಯನಕಾರನು ಈವರೆಗೆ ಪಾನಾ ಹಿಡಿದವನಲ್ಲ. ನಮ್ಮ ವಿದ್ವತ್ ಪರಂಪರೆಯಲ್ಲಿ ಇದನ್ನು ಅರ್ಹತೆಯೆಂದೇ ಪರಿಗಣಿಸುವುದರಿಂದ ಪ್ರತ್ಯೇಕ ಸಮರ್ಥನೆ ಬೇಕಿಲ್ಲ.

ಪೂರ್ವಾಧ್ಯಯನಗಳು ವಿರಳ. ಗೋಕಾಕ ಎಂಬ ಹೆಸರು ಹೊತ್ತ ವರದಿಯೊಂದು 1981ರಲ್ಲಿ ಸಲ್ಲಿಕೆಯಾಗಿ ನಾಡನ್ನೇ ಅಲುಗಾಡಿಸಿತು. ಆದರೆ ಅದು ಭಾಷೆಯ ವಿಷಯ. ಜಂಗು ಹಿಡಿದ ಬೋಲ್ಟನ್ನು ಕಾಲು ಸುತ್ತಾದರೂ ಅಲುಗಾಡಿಸುವ ವರದಿ ಇನ್ನೂ ಬರಬೇಕಾಗಿದೆ. ಇದೇ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟರು, ಕಬ್ಬಿಣದ ನೇಗಿಲು ಮಾಡಿದರು, 1910ರಲ್ಲಿ ಕಿರ್ಲೋಸ್ಕರವಾಡಿ ಕಟ್ಟಲು ಹೋದರು. ಎಲ್ಲವನ್ನೂ ಮಾಡಿ ತೋರಿಸಿದರೇ ಹೊರತು ಒಂದು ಸೈದ್ಧಾಂತಿಕ ಚೌಕಟ್ಟನ್ನು ಬಿಟ್ಟುಹೋಗಲಿಲ್ಲ. ಸಂಶೋಧಕರಿಗೆ ಇದರಿಂದ ಆಗಿರುವ ನಷ್ಟ ಅಪಾರ.

ಅಧ್ಯಾಯ ಎರಡು: ಮುರಿತದ ನವವಿಧ ವರ್ಗೀಕರಣ

ಬೋಲ್ಟು ಒಂಬತ್ತು ಬಗೆಯಲ್ಲಿ ಮುರಿಯುತ್ತದೆ.

(ಅ) ಅಹಂಕಾರಜನ್ಯ ಮುರಿತ. ಪಾನಾದ ಹಿಡಿಕೆಗೆ ಮಾರುದ್ದ ಪೈಪು ಸಿಕ್ಕಿಸಿ, "ಇನ್ನೂ ಒಂದ ಸುತ್ತ ಹೋಗತೈತಿ" ಎಂದು ಜೋತುಬೀಳುವವರಿಂದ ಸಂಭವಿಸುವಂಥದು. ಬೋಲ್ಟಿನ ತಲೆಯ ಮೇಲೆ 8.8 ಎಂದು ಒತ್ತಿರುತ್ತದೆ. ಪ್ರತಿ ಚದರ ಮಿಲಿಮೀಟರಿಗೆ 800 ನ್ಯೂಟನ್ ಎಳೆತದವರೆಗೆ ಹರಿಯದೆ ತಾಳಿಕೊಳ್ಳುತ್ತೇನೆ ಎನ್ನುತ್ತದೆ ಮೊದಲ ಎಂಟು. ಅದರ ನೂರಕ್ಕೆ 80ರಷ್ಟಾದಾಗಲೇ, ಅಂದರೆ 640ಕ್ಕೇ, ಮರಳಿ ಬಾರದಂತೆ ಹಿಗ್ಗತೊಡಗುತ್ತೇನೆ ಎನ್ನುತ್ತದೆ ಎರಡನೆಯದು. ಮನುಷ್ಯನ ಹಣೆಬರಹವನ್ನು ಯಾರೂ ಓದಲಾರರು. ಬೋಲ್ಟಿನದನ್ನು ಓದಬಹುದು, ಓದುವುದಿಲ್ಲ.

(ಆ) ವಸಾಹತೋತ್ತರ ಮುರಿತ. ಹಳೆಯ ಇಂಗ್ಲಿಷ್ ಮಾದರಿಯ ಎಂಜಿನ್ನುಗಳ ಥ್ರೆಡ್ಡು 1841ರಲ್ಲಿ ಜೋಸೆಫ್ ವಿಟ್‌ವರ್ತ್ ಗೊತ್ತುಪಡಿಸಿದ 55 ಡಿಗ್ರಿಯದು. ಈಗ ಅಂಗಡಿಯಲ್ಲಿ ಸಿಗುವ ಮೆಟ್ರಿಕ್ ಬೋಲ್ಟಿನದು 60 ಡಿಗ್ರಿ. ಮೂರು ಸೂತಿನ, ಅಂದರೆ ಒಂಬತ್ತೂವರೆ ಮಿಲಿಮೀಟರಿನ ಬೋಲ್ಟಿನ ತೂತಿಗೆ 10 ಮಿಲಿಮೀಟರಿನದನ್ನು ಕೊಟ್ಟರೆ ಅದು ಮೊದಲು ಹೊಸ ಬೀಗರಂತೆ ನಗುತ್ತ ಒಳಗೆ ಹೋಗುತ್ತದೆ, ಆಮೇಲೆ ಅಡ್ಡ ಹಿಡಿಯುತ್ತದೆ. ಮುಂದಿನದಕ್ಕೆ (ಅ) ನೋಡಿ.

(ಇ) ಜಲಜನ್ಯ ಮುರಿತ. 2019ರ ಆಗಸ್ಟಿನಲ್ಲಿ ಘಟಪ್ರಭೆ ಗೋಕಾಕ ಪೇಟೆಯೊಳಗೆ ಹೊಕ್ಕು, ಲೋಳಸೂರ ಸೇತುವೆಯ ಮೇಲೆ ಹರಿದಾಗ ದಂಡೆಯ ಎಂಜಿನ್ನು, ಪಂಪುಗಳೆಲ್ಲ ರಾಡಿಯಲ್ಲಿ ಕುಳಿತವು. ಕಬ್ಬಿಣ ಜಂಗಾದರೆ ಮೊದಲಿಗಿಂತ ಹೆಚ್ಚು ಜಾಗ ಬೇಡುತ್ತದೆ. ಥ್ರೆಡ್ಡಿನ ಸಂದಿಯಲ್ಲಿ ಜಾಗವೆಲ್ಲಿಯದು? ಒಳಗೊಳಗೇ ಬಿಗಿದುಕೊಳ್ಳುತ್ತದೆ. ಬಿದ್ದ ಮನೆಗಳನ್ನು ಎಣಿಸಲು ಅಧಿಕಾರಿಗಳು ಬಂದರು. ಹಿಡಿದುಕೊಂಡ ಬೋಲ್ಟುಗಳನ್ನು ಎಣಿಸಿದವರು ಮಿಸ್ತ್ರಿಗಳು ಮಾತ್ರ.

ಉಳಿದ ಆರನ್ನು ಓದುಗರು ಊಹಿಸಿಕೊಳ್ಳಬಹುದು. ಒಂಬತ್ತೆಂದರೆ ಪ್ರಬಂಧಕ್ಕೆ ತೂಕ ಬರುತ್ತದೆಂದು ಒಂಬತ್ತು ಅಂದದ್ದು.

ಅಧ್ಯಾಯ ಮೂರು: ಉತ್ಪಾಟನ ಪ್ರಸ್ಥಾನಗಳು

ಮೊದಲನೆಯವರು ತೈಲವಾದಿಗಳು. ಚಿಮಣಿ ಎಣ್ಣೆಯನ್ನೋ ಡೀಸೆಲನ್ನೋ ಸುತ್ತಲೂ ಬಿಟ್ಟು, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ರಾತ್ರಿಯಿಡೀ ನೆನೆಯಲು ಬಿಡುವುದು ಇವರ ಸಾಧನೆ. ತಾಳ್ಮೆಯೇ ಪರಮ ಪ್ರಮಾಣ. ಟೋಳಿಯವರು ಹೊಲದಲ್ಲಿ ಕಬ್ಬು ಕಡಿದು ಹಾಕಿ ಟ್ರ್ಯಾಕ್ಟರಿನ ದಾರಿ ಕಾಯುತ್ತಿರುವಾಗ ಈ ಪಂಥಕ್ಕೆ ಅನುಯಾಯಿಗಳು ಕಡಿಮೆ.

ಎರಡನೆಯವರು ವಾಮಮಾರ್ಗಿಗಳು. ಇವರು ಎಡಕ್ಕೆ ತಿರುಗುವ ಡ್ರಿಲ್ ಬಿಟ್ಟನ್ನು ಉಪಾಸಿಸುತ್ತಾರೆ. ಕೊರೆಯುವಾಗ ಬೋಲ್ಟು ತಾನೇ ಬಿಚ್ಚಿಕೊಂಡು ಬಂದರೂ ಬರಬಹುದು. ನಡುಮಧ್ಯಕ್ಕೆ ಪಂಚು ಹೊಡೆಯುವುದು ಇಲ್ಲಿಯ ದೀಕ್ಷೆ. ಕೂದಲೆಳೆಯಷ್ಟು ಸರಿದರೆ ಬಿಟ್ಟು ಗಟ್ಟಿ ಉಕ್ಕನ್ನು ಬಿಟ್ಟು ಬೀಡಿನ ಗೋಡೆಗೆ ಜಾರುತ್ತದೆ, ತೂತು ಕೆಡುತ್ತದೆ. ಬಿಟ್ಟು ಕೈಕೊಟ್ಟಾಗ ಅದೇ ತೂತಿಗೆ ಈಸಿಔಟ್ ಎಂಬ ಉತ್ಪಾಟಕವನ್ನು ಇಳಿಸುತ್ತಾರೆ. ಅದು ಗಡಸು, ಗಡಸಾದುದರಿಂದ ಪೆಡಸು. ಆತುರಪಟ್ಟರೆ ಒಳಗೇ ಮುರಿಯುತ್ತದೆ. ಆಗ ಬೋಲ್ಟಿಗೂ ಉತ್ಪಾಟಕಕ್ಕೂ ಭೇದವಳಿದು ಅದ್ವೈತ ಸಿದ್ಧಿಸುತ್ತದೆ. ಸಾಮಾನ್ಯ ಡ್ರಿಲ್ಲು ಅದನ್ನು ಮುಟ್ಟಲಾರದು. 1943ರಲ್ಲಿ ಸೋವಿಯತ್ ದೇಶದ ಲಜರೆಂಕೊ ದಂಪತಿ ರೂಪಿಸಿದ, ವಿದ್ಯುತ್ ಕಿಡಿಯಿಂದ ಲೋಹವನ್ನು ಕಣಕಣವಾಗಿ ತಿನ್ನಿಸುವ ಯಂತ್ರದ ಮೊರೆ ಹೋಗಬೇಕು. ಅಂದರೆ ಬ್ಲಾಕನ್ನು ಇಳಿಸಬೇಕು, ಗಾಡಿಗೆ ಹೇರಬೇಕು, ಅಂಥ ಯಂತ್ರವಿದ್ದ ಕಾರ್ಖಾನೆಯ ಬಾಗಿಲಲ್ಲಿ ಸರದಿ ಹಿಡಿಯಬೇಕು.

ಮೂರನೆಯವರು ಅಗ್ನಿವಾದಿಗಳು. ಇವರ ಸಂಕಥನವನ್ನು ನಿರಚನಾತ್ಮಕವಾಗಿ...

ಇರಲಿ. ಇದನ್ನು ಹಾಗೆ ಬರೆಯಲು ಮನಸ್ಸಿಲ್ಲ, ಯಾಕೆಂದರೆ ಇದನ್ನು ನಿಂತು ನೋಡಿದ್ದೇನೆ. ಮಿಸ್ತ್ರಿ ಮುರಿದ ತುಂಡಿನ ಮೇಲೆ ಒಂದು ವಾಶರ್ ಇಡುತ್ತಾನೆ, ವಾಶರಿನ ಮೇಲೆ ನಟ್ಟು. ನಟ್ಟಿನ ತೂತಿನೊಳಗಿಂದ ರಾಡು ಇಳಿಸಿ, ತುಂಡಿನ ನಡುವಿನಿಂದ ವೆಲ್ಡಿಂಗ್ ಶುರುಮಾಡಿ ತೂತು ತುಂಬಿಸುತ್ತಾನೆ. ಕೆಂಪಗೆ ಕಾದ ತುಂಡು ಹಿಗ್ಗಲು ನೋಡುತ್ತದೆ, ಸುತ್ತಲ ಬೀಡು ಬಿಡುವುದಿಲ್ಲ. ಆರುವಾಗ ತುಂಡು ಕುಗ್ಗುತ್ತದೆ, ಜಂಗಿನ ಹಿಡಿತ ಸಡಿಲುತ್ತದೆ. ಪಕ್ಕದಲ್ಲಿ ನಿಂತವರು "ನೀರ ಹಾಕೋ, ಲಗೂ ಆರಲಿ" ಎನ್ನುತ್ತಾರೆ. ಆತ ಕಿವಿಗೇ ಹಾಕಿಕೊಳ್ಳುವುದಿಲ್ಲ, ನೀರು ಬಿದ್ದರೆ ಬೀಡು ಸೀಳಬಹುದು. ಕೆಂಪು ಹೋಗಿ ಕಪ್ಪಾಗುವವರೆಗೆ ಸುಮ್ಮನೆ ಕೂಡುತ್ತಾನೆ. ಆಮೇಲೆ ಪಾನಾ ಹಾಕಿ ಮೊದಲು ಬಿಗಿಯುವ ಕಡೆಗೆ ತುಸು, ಬಿಚ್ಚುವ ಕಡೆಗೆ ತುಸು, ಮತ್ತೆ ಬಿಗಿಯುವ ಕಡೆಗೆ. ನಟ್ಟು ಕಿತ್ತುಬಂದರೆ ಬೈಯದೆ ಇನ್ನೊಂದು ನಟ್ಟು ಹಚ್ಚುತ್ತಾನೆ. "ಕಿರ್ರ್" ಅಂದ ಸಪ್ಪಳದಲ್ಲಿ ಬೋಲ್ಟು ಬಿಚ್ಚುತ್ತಿದೆಯೋ ತಿರುಚಿ ಹರಿಯುತ್ತಿದೆಯೋ ಆತನಿಗೆ ಗೊತ್ತಾಗುತ್ತದೆ. ಹೇಗೆಂದು ಕೇಳಿದರೆ, "ಕೈಗೆ ತಿಳೀತದರಿ" ಎನ್ನುತ್ತಾನೆ.

ದೇಸಿ ಜ್ಞಾನಪರಂಪರೆಗಳ ಕುರಿತ ವಿಚಾರಸಂಕಿರಣವೊಂದರಲ್ಲಿ ಬೆಳಗಿನಿಂದ ಸಂಜೆಯವರೆಗೆ ಕುಳಿತಿದ್ದೆ. ಅನುಭವಜನ್ಯ ಅರಿವಿನ ಅಂಚೀಕರಣದ ಬಗ್ಗೆ ಒಬ್ಬರು ಗಂಟೆಗಟ್ಟಲೆ ಮಾತಾಡಿದರು. ನಡುವೆ ಕರೆಂಟು ಹೋಯಿತು, ಹಿಂದಿದ್ದ ಜನರೇಟರೂ ಕೆಟ್ಟಿತ್ತು. ಮಿಸ್ತ್ರಿಯೊಬ್ಬ ಬಂದು, ಮೈಯೆಲ್ಲ ಕರೀ ಎಣ್ಣೆ ಮಾಡಿಕೊಂಡು ಚಾಲೂ ಮಾಡಿದ. ಮೈಕು ಬಂತು. ಅಂಚೀಕರಣ ಮುಂದುವರಿಯಿತು. ಊಟದ ಹೊತ್ತಿಗೆ ಆತ ಪಂಕ್ತಿಯ ಕಡೆ ನೋಡಿದಾಗ ಕೂಪನ್ ಇದ್ದವರಿಗಷ್ಟೇ ಊಟ ಎಂದರು. ನಾನೂ ಕೂಪನ್ ಹಿಡಿದು ಉಂಡೆ. ಈ ಪ್ರಬಂಧದ ಉತ್ಪಾಟಕ, ಪ್ರಸ್ಥಾನ, ನೆಲೆ, ನೋಟಗಳೆಲ್ಲ ಆ ದಿನ ಕೊಟ್ಟ ಚೀಲದಲ್ಲಿದ್ದವು. ಎಂತಹ ನಾಚಿಕೆಗೇಡು! ಕೈಯಿಂದ ಬಂದ ತಿಳಿವಳಿಕೆಯನ್ನು ಹೊಗಳಲು ದುಡ್ಡಿದೆ, ಪ್ರವಾಸಭತ್ಯೆಯಿದೆ, ಶಾಲು ಇದೆ. ಆ ಕೈಗೆ ಒಂದು ಎಲೆ ಹಾಕಲು ಕೂಪನ್ ಬೇಕು.

ದೊಡ್ಡ ಸರ್ವಿಸ್ ಸೆಂಟರಿನವರಾದರೆ ತಲೆಕೆಡಿಸಿಕೊಳ್ಳುವುದೇ ಇಲ್ಲ. "ಬ್ಲಾಕ್ ಬದಲಿ ಮಾಡ್ರಿ" ಎಂದು ಚೀಟಿ ಬರೆದು ಕೊಡುತ್ತಾರೆ. ಬೆರಳುದ್ದದ ತುಂಡಿಗಾಗಿ ಇಡೀ ಬ್ಲಾಕು. ಅಷ್ಟು ರೊಕ್ಕ ತೆರಲಾಗದೆ ಅದೇ ಟ್ರ್ಯಾಕ್ಟರು ಎಳೆಸಿಕೊಂಡು ಮಿಸ್ತ್ರಿಯ ಬೇವಿನ ಗಿಡದ ಬುಡಕ್ಕೆ ಬರುತ್ತದೆ.

ಅಧ್ಯಾಯ ನಾಲ್ಕು: ಉತ್ಪಾಟನೆಯ ಅರ್ಥಶಾಸ್ತ್ರ

ಸಂಜೆಯ ಹೊತ್ತಿಗೆ ತುಂಡು ಹೊರಬಂತು. ಮಿಸ್ತ್ರಿ ಟ್ಯಾಪು ಹಾಕಿ ಥ್ರೆಡ್ಡು ಶುದ್ಧ ಮಾಡಿ, ಹೊಸ ಬೋಲ್ಟಿಗೆ ಎಣ್ಣೆ ಸವರಿ, ಮೊದಲು ಕೈಯಿಂದಲೇ ಪೂರ್ತಿ ತಿರುವಿ, ಕೊನೆಗೆ ಪಾನಾ ಮುಟ್ಟಿಸಿದ. ಪೈಪು ಹಚ್ಚಲಿಲ್ಲ. ಸಂಭಾವನೆಯ ಪ್ರಶ್ನೆ ಎದ್ದಾಗ ನಡೆದ ಸಂವಾದವನ್ನು ಕ್ಷೇತ್ರಕಾರ್ಯದ ದತ್ತಾಂಶವಾಗಿ ಯಥಾವತ್ತು ಕೊಡಲಾಗಿದೆ.

"ಒಂದ ಬೋಲ್ಟ್ ತಗಿಯಾಕ ಇಷ್ಟ ರೊಕ್ಕೇನೋ ತಮ್ಮಾ?"

"ಜಾಸ್ತಿ ಆತಂದ್ರ ಹೇಳ್ರಿ ಕಾಕಾ. ಹೊಳ್ಳಿ ಒಳಗ ಕುಂದರಸಿ ಕೊಡ್ತೇನಿ."