ಹತ್ತು ಸಾವಿರ ಮಿಲಿಮೀಟರಿನ ಕೋಟು

ಟೊರಾಂಟೋದ ಅಂಗಡಿಗಳಲ್ಲಿ ಚಳಿಗಾಲದ ಕೋಟುಗಳಿಗೆ ಎರಡೆರಡು ಚೀಟಿ ನೇತುಹಾಕಿರುತ್ತಾರೆ. ಒಂದು ಬೆಲೆಯದು, ಅದನ್ನು ತಿರುಗಿಸಿ ನೋಡುವ ಧೈರ್ಯ ಬರುವುದು ಕೊನೆಗೆ. ಇನ್ನೊಂದು ಕೋಟಿನ ಗುಣಗಾನದ್ದು. 'ನೀರು ತಡೆಯುವ ಶಕ್ತಿ: 10,000 ಮಿ.ಮೀ.' ಎಂದು ಅದರ ಮೇಲೆ ಅಚ್ಚಾಗಿರುತ್ತದೆ. ಬೆಲೆಯ ಚೀಟಿ ಇನ್ನಷ್ಟು ಹೆದರಿಸುವಂತಿದ್ದರೆ 20,000. ತೀರ್ಥಹಳ್ಳಿ ಸೀಮೆಯಲ್ಲಿ ಹುಟ್ಟಿ ಬೆಳೆದವನಿಗೆ ಮಿಲಿಮೀಟರ್ ಕಂಡರೆ ಮಳೆಯೇ ನೆನಪಾಗಬೇಕು. ಜುಲೈನಲ್ಲಿ ಮನೆಗೆ ಬರುವ ಒದ್ದೆ ಪೇಪರನ್ನು ಬಿಡಿಸಿ ನಾವು ಮೊದಲು ಹುಡುಕುತ್ತಿದ್ದದ್ದೇ ಆಗುಂಬೆಯಲ್ಲಿ ನಿನ್ನೆ ಎಷ್ಟು ಬಿತ್ತು ಎಂಬುದನ್ನು. ಅಂಥ ಆಗುಂಬೆಯಲ್ಲೂ ಇಡೀ ವರ್ಷದ ಸರಾಸರಿ 7,000 ಮಿ.ಮೀ. ದಾಟಿ ಸ್ವಲ್ಪ ಮುಂದೆ ಹೋಗುತ್ತದೆ, ಅಷ್ಟೆ. ಟೊರಾಂಟೋದಲ್ಲಿ ಮಳೆ, ಹಿಮ ಎರಡನ್ನೂ ಕರಗಿಸಿ ಅಳೆದರೂ 800ರ ಆಸುಪಾಸು. ಹಾಗಾದರೆ ಈ ಕೋಟು ಯಾವ ಪ್ರಳಯಕ್ಕೆ ತಯಾರಾಗಿ ನಿಂತಿದೆ?

ವಿಚಾರಿಸಿದರೆ ಆ ಲೆಕ್ಕ ಮಳೆಯದಲ್ಲವಂತೆ. ಬಟ್ಟೆಯ ಒಂದು ತುಂಡನ್ನು ಬಿಗಿಯಾಗಿ ಹಿಡಿದು ಅದರ ಮೇಲೆ ನೀರಿನ ಒತ್ತಡ ಏರಿಸುತ್ತ ಹೋಗುತ್ತಾರೆ. ಹತ್ತು ಮೀಟರ್ ಎತ್ತರದ ನೀರಿನ ಕಂಬ ಮೇಲೆ ನಿಂತರೂ ಹನಿ ಜಿನುಗದಿದ್ದರೆ ಅದು ಹತ್ತು ಸಾವಿರದ ಬಟ್ಟೆ. ಅಂದರೆ ನಮ್ಮನೆ ಹಿತ್ತಿಲಿನ ಬಾವಿಯನ್ನೇ ಕಿತ್ತು ನೆತ್ತಿಯ ಮೇಲೆ ನಿಲ್ಲಿಸಿದರೂ ಕೋಟು ಸೋರುವುದಿಲ್ಲ. ಬಾವಿ ಹೊತ್ತುಕೊಂಡು ಯಾರೂ ಬಸ್ಸಿಗೆ ಕಾಯುವುದಿಲ್ಲ ಎಂಬುದು ಬೇರೆ ಮಾತು.

ಬೆಚ್ಚಗಿಡುವ ಶಕ್ತಿಗೂ ಪರೀಕ್ಷೆಯಿದೆ. ಪ್ರಯೋಗಾಲಯಗಳಲ್ಲಿ ಮೈಯೊಳಗೆ ವಿದ್ಯುತ್ತಿನಿಂದ ಕಾವು ಕೊಡುವ ಗೊಂಬೆಗಳಿಗೆ ಕೋಟು ತೊಡಿಸಿ, ಎಷ್ಟು ಶಾಖ ಸೋರಿಹೋಯಿತು ಎಂದು ಅಳೆಯುತ್ತಾರೆ. ಬೆವರುವ ಗೊಂಬೆಗಳೂ ಇವೆ. ಒಳ್ಳೆಯ ಗೊಂಬೆಗಳು, ದೂರುವಂತಿಲ್ಲ. ಆದರೆ ಅವಕ್ಕೆ ಒಂದು ಕೈಯಲ್ಲಿ ಹತ್ತು ಪೌಂಡಿನ ಈರುಳ್ಳಿ ಚೀಲ, ಇನ್ನೊಂದರಲ್ಲಿ ಮಗುವಿನ ಕೈ ಇರುವುದಿಲ್ಲ. ಬಾಗಿಲ ಬೀಗ ಹಾಕಿದ ಮೇಲೆ ಕೋಟಿನ ಒಳಜೇಬಿನಲ್ಲಿ ಫೋನು ಅರಚಿಕೊಳ್ಳುವುದಿಲ್ಲ. "ರೀ, ಜಿಪ್ಪು ಕುತ್ತಿಗೆವರೆಗೂ ಎಳ್ಕೊಳ್ಳಿ" ಎಂದು ಹಿಂದಿನಿಂದ ಕೂಗುವವರೂ ಇಲ್ಲ. ಸಂಸಾರವಿಲ್ಲದ ಗೊಂಬೆ ಪಾಸು ಮಾಡಿದ ಕೋಟು ಸಂಸಾರಿಯ ಮೈಮೇಲೆ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಸಂಸಾರಿಯೇ ಪರೀಕ್ಷಿಸಬೇಕು. ಆ ಕೆಲಸ ನನ್ನ ಪಾಲಿಗೆ ಬಂದಿದೆ. ಸಂಬಳವಿಲ್ಲ.

ಚಳಿಯ ವಿಚಾರದಲ್ಲಿ ಮನುಷ್ಯರ ಮೇಲೇ ಪರೀಕ್ಷೆ ನಡೆಸಿದ ಕೀರ್ತಿಯೂ ಟೊರಾಂಟೋಕ್ಕೆ ಇದೆ. ಗಾಳಿ ಬೀಸಿದಾಗ ಚಳಿ ಎಷ್ಟು ಹೆಚ್ಚಿದಂತೆ ಅನಿಸುತ್ತದೆ ಎಂಬ 'ವಿಂಡ್ ಚಿಲ್' ಲೆಕ್ಕವನ್ನು ಮೊದಲು ಕಟ್ಟಿದವರು ಸೈಪಲ್ ಮತ್ತು ಪ್ಯಾಸೆಲ್ ಎಂಬಿಬ್ಬರು. ಅಂಟಾರ್ಕ್‌ಟಿಕಾದಲ್ಲಿ ಕೂತು, ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟ ನೀರು ಗಾಳಿಗೆ ಎಷ್ಟು ಹೊತ್ತಿಗೆ ಹೆಪ್ಪುಗಟ್ಟುತ್ತದೆ ಎಂದು ನೋಡಿ ಮಾಡಿದ ಲೆಕ್ಕ ಅದು. ಮನುಷ್ಯ ಡಬ್ಬಿಯಲ್ಲವಲ್ಲ ಎಂದು ಬಹಳ ವರ್ಷಗಳ ಮೇಲೆ ಹೊಳೆದಿರಬೇಕು. ಟೊರಾಂಟೋದ ರಕ್ಷಣಾ ಸಂಶೋಧನಾ ಕೇಂದ್ರದಲ್ಲಿ 12 ಮಂದಿ ಸ್ವಯಂಸೇವಕರ ಮುಖಕ್ಕೆ ತಂತಿ ಅಂಟಿಸಿ, ಕೊರೆಯುವ ಗಾಳಿಗೆ ಮುಖವೊಡ್ಡಿ ಟ್ರೆಡ್‌ಮಿಲ್ ಮೇಲೆ ನಡೆಸಿದರು. ಅದರಿಂದ ಹುಟ್ಟಿದ ಹೊಸ ಸೂತ್ರವನ್ನು 2001ರಲ್ಲಿ ಕೆನಡಾ, ಅಮೆರಿಕ ಎರಡೂ ಒಪ್ಪಿಕೊಂಡವು. ಇವತ್ತಿಗೂ ಬೆಳಗ್ಗೆ ರೇಡಿಯೋದವರು "ಮೈನಸ್ ಐದು, ಆದರೆ ಅನಿಸುವುದು ಮೈನಸ್ ಹನ್ನೆರಡು" ಎನ್ನುತ್ತಾರೆ. ಆ ಹನ್ನೆರಡು ಮಂದಿಯನ್ನು ನಾನು ಗೌರವದಿಂದ ನೆನೆಯುತ್ತೇನೆ. ಅವರಿಗೆ ಮೈನಸ್ ಎಷ್ಟು ಅನಿಸಿತ್ತೋ!

ಆದರೆ ಇಲ್ಲಿನ ಕೋಟನ್ನು ಹಣಿಯುವುದು ಮೈನಸ್ ಇಪ್ಪತ್ತಲ್ಲ. ಮೈನಸ್ ಇಪ್ಪತ್ತು ಒಣ ಚಳಿ. ಹಿಮ ಬಿದ್ದರೂ ಕೊಡವಿದರೆ ಉದುರಿ ಹೋಗುತ್ತದೆ. ತೊಂದರೆಯೆಲ್ಲ ಸೊನ್ನೆಯ ಅಕ್ಕಪಕ್ಕದ್ದು. ಬೆಳಗ್ಗೆ ಹಿಮ, ಮಧ್ಯಾಹ್ನ ಮಳೆ, ಸಂಜೆ ಬಿದ್ದ ಮಳೆಯೆಲ್ಲ ಗಾಜು. 2013ರ ಡಿಸೆಂಬರಿನಲ್ಲಿ ಹೀಗೆಯೇ ಸುರಿದು ಹೆಪ್ಪುಗಟ್ಟಿದ ಮಳೆಯ ಭಾರಕ್ಕೆ ಮರಗಳು ಮುರಿದು, ಕ್ರಿಸ್‌ಮಸ್ ಹೊಸ್ತಿಲಲ್ಲಿ ಲಕ್ಷಾಂತರ ಮನೆಗಳು ಕತ್ತಲಲ್ಲಿ ಕೂತವು. ಅಷ್ಟು ಆಗದ ದಿನಗಳಲ್ಲೂ ರಸ್ತೆಯಂಚಿನಲ್ಲಿ ಹಿಮ, ಉಪ್ಪು, ಮಣ್ಣು ಕಲೆತ ರಾಡಿ ನಿಂತಿರುತ್ತದೆ. ಬಸ್ಸಿನವರು ಅದನ್ನು ತಮ್ಮ ಕೈಲಾದಷ್ಟು ಪಾದಚಾರಿಗಳಿಗೆ ಹಂಚುತ್ತಾರೆ.

ಇಂಥ ಊರಿಗೆ ಬೆಚ್ಚಗೂ ಇರಬೇಕು, ನೀರನ್ನೂ ತಡೆಯಬೇಕು ಎನ್ನುವ ಕೋಟು ಬೇಕು. ಈ ಎರಡು ಗುಣಗಳಿಗೆ ಹಿಂದಿನಿಂದಲೂ ಎಣ್ಣೆ-ಸೀಗೇಕಾಯಿ. ಗ್ಲಾಸ್ಗೋದ ಚಾರ್ಲ್ಸ್ ಮ್ಯಾಕಿಂಟಾಷ್ 1823ರಲ್ಲಿ ಎರಡು ಬಟ್ಟೆಗಳ ನಡುವೆ ಕರಗಿಸಿದ ರಬ್ಬರ್ ಹಚ್ಚಿ ಮಳೆಕೋಟಿಗೆ ಪೇಟೆಂಟು ಪಡೆದ. ನೀರು ಒಳಗೆ ಬರಲಿಲ್ಲ, ನಿಜ. ಬೆವರು ಹೊರಗೂ ಹೋಗಲಿಲ್ಲ. ಬಿಸಿಲಿಗೆ ಅಂಟು, ಚಳಿಗೆ ಹಲಗೆ, ಎರಡೂ ಕಾಲದಲ್ಲಿ ವಾಸನೆ. ಇತ್ತ ಸಿಯಾಟಲಿನ ಎಡ್ಡಿ ಬಾವರ್ ಎಂಬಾತ ಚಳಿಗಾಲದಲ್ಲಿ ಮೀನು ಹಿಡಿಯಲು ಹೋಗಿ, ಒದ್ದೆಯಾದ ಉಣ್ಣೆ ಬಟ್ಟೆಯಲ್ಲಿ ಮರಗಟ್ಟಿ ಸಾಯುವುದರಲ್ಲಿದ್ದ. ಬದುಕಿ ಬಂದವನು 1936ರಲ್ಲಿ ಹೆಬ್ಬಾತಿನ ಎದೆಯ ನವಿರು ಪುಕ್ಕ ತುಂಬಿ ಹೊಲಿದ ಜಾಕೆಟ್ಟು ಮಾಡಿದ. ಪುಕ್ಕಗಳ ಸಂದಿನಲ್ಲಿ ಸಿಕ್ಕ ಗಾಳಿಯೇ ಬೆಚ್ಚಗಿಡುವುದು. ಆದರೆ ಪುಕ್ಕ ನೆನೆದರೆ ಮುದ್ದೆಯಾಗುತ್ತದೆ, ಗಾಳಿ ಹೊರಟುಹೋಗುತ್ತದೆ, ಕಾವೂ ಅದರ ಹಿಂದೆಯೇ.

ರಾಜಿ ಮಾಡಿಸಿದ್ದು ದೋಸೆ ಕಾವಲಿ. ಅಂಟದ ಕಾವಲಿಗೆ ಬಳಿಯುತ್ತಾರಲ್ಲ, ಆ ಟೆಫ್ಲಾನಿನ ಜಾತಿಯ ಸರಳನ್ನು ಬಿಸಿ ಮಾಡಿ ನಿಧಾನವಾಗಿ ಎಳೆದು ಉದ್ದ ಮಾಡಲು ಬಾಬ್ ಗೋರ್ ಎಂಬಾತ 1969ರಲ್ಲಿ ಹೆಣಗುತ್ತಿದ್ದ. ಎಳೆದಷ್ಟೂ ತುಂಡಾಗುತ್ತಿತ್ತು. ಕೊನೆಗೆ ರೋಸಿಹೋಗಿ ಒಮ್ಮೆಲೇ ಜಗ್ಗಿದ. ತುಂಡಾಗುವ ಬದಲು ಹಲವು ಪಟ್ಟು ಉದ್ದಕ್ಕೆ ಹಿಗ್ಗಿತು. ಹಿಗ್ಗಿದ ಪದರದ ತುಂಬ ಕಣ್ಣಿಗೆ ಕಾಣದ ರಂಧ್ರಗಳು. ನೀರ ಹನಿ ನುಸುಳಲಾರದಷ್ಟು ಕಿರಿದು, ಬೆವರಿನ ಆವಿ ಹಾಯುವಷ್ಟು ಹಿರಿದು. 1976ರ ಹೊತ್ತಿಗೆ ಆ ಗೋರ್‌ಟೆಕ್ಸ್ ಮೈಮೇಲೆ ಬಂತು. ಸಿಟ್ಟಿನಿಂದ ಯಾವ ಕೆಲಸವೂ ಆಗುವುದಿಲ್ಲ ಎನ್ನುವವರಿಗೆ ನಾನು ಈ ಕಥೆ ಹೇಳುತ್ತಿರುತ್ತೇನೆ.

ಹೊಸ ಕೋಟು ಮನೆಗೆ ಬಂದ ಸಂಜೆ ಅದರ ಮೊದಲ ಪರೀಕ್ಷೆ ನಡೆದದ್ದು ಬಚ್ಚಲಲ್ಲಿ. ಪಂಚೆ ಮೊಣಕಾಲಿಗೆ ಎತ್ತಿ ಕಟ್ಟಿ, ಕೋಟು ತೊಟ್ಟು, ಟೊಪ್ಪಿ ಏರಿಸಿ ಶವರಿನ ಕೆಳಗೆ ನಿಂತೆ. ಹೊರಗಿನಿಂದ ಬಾಗಿಲು ತಟ್ಟಿದ ಸದ್ದು.

"ರೀ, ಇಷ್ಟು ಹೊತ್ತು ಒಳಗೆ ಏನ್ ಮಾಡ್ತಿದ್ದೀರಿ?"

"ಕೋಟು ನೋಡ್ತಾ ಇದ್ದೀನಿ."

"ಬಟ್ಟೆ ಬಿಚ್ಚಿ ಸ್ನಾನ ಮಾಡೋರನ್ನ ಕಂಡಿದ್ದೆ. ಕೊಂಡ್ಕೊಂಡು ಬಂದು ಸ್ನಾನ ಮಾಡೋರನ್ನ ಇವತ್ತೇ ಕಂಡಿದ್ದು."

ಭುಜದ ಮೇಲೆ ಬಿದ್ದ ನೀರು ಕೆಸುವಿನೆಲೆಯ ಮೇಲೆ ಬಿದ್ದಂತೆ ಮುತ್ತಾಗಿ ಉರುಳಿತು. ಎದೆಯ ಜಿಪ್ಪು, ಹೊಲಿಗೆಗಳು, ಟೊಪ್ಪಿಯ ಬುಡ, ಎಲ್ಲಾ ಗಟ್ಟಿ. ಆಮೇಲೆ ಬಸ್ಸಿನಲ್ಲಿ ನೇತಾಡುವ ಪಟ್ಟಿಯನ್ನು ಹಿಡಿಯುವವನ ಗತ್ತಿನಲ್ಲಿ ಬಲಗೈ ಮೇಲೆತ್ತಿದೆ. ಮುಂಗೈಯ ಬಳಿ ನೀರು ಒಂದು ಕ್ಷಣ ನಿಂತು ಯೋಚಿಸಿತು. ದಾರಿ ಕಂಡಿತು. ಮೊಣಕೈವರೆಗೆ ತಣ್ಣಗೆ ಇಳಿದು, ಅಲ್ಲಿಂದ ತಿರುಗಿ ಕಂಕುಳಿಗೆ ಬಂತು. ಹತ್ತು ಸಾವಿರ ಮಿಲಿಮೀಟರನ್ನು ತಡೆದ ಬಟ್ಟೆ ಹತ್ತು ಮಿಲಿಮೀಟರಿನ ಸಂದಿಗೆ ಸೋತಿತ್ತು. ತೋಳಿನ ತುದಿಯ ಪಟ್ಟಿಯನ್ನು ಬಿಗಿದ ಮೇಲೆ ನೀರು ನಿಂತಿತು, ಬೆರಳಿಗೆ ರಕ್ತವೂ ನಿಂತಿತು. ನಡುವಿನ ಒಂದು ಹದ ಇದೆ. ಅದನ್ನು ಯಾವ ಚೀಟಿಯಲ್ಲೂ ಬರೆದಿರುವುದಿಲ್ಲ.

ಎರಡನೆಯದು ಸಾರಿಗೆ ಪರೀಕ್ಷೆ. ಸ್ಟ್ರೀಟ್‌ಕಾರಿಗೆ ಕಾಯುವಾಗ ಉತ್ತರ ಧ್ರುವ, ಹತ್ತಿದ ಕೂಡಲೇ ಬಳ್ಳಾರಿ. ಕಾಯುವಾಗ ಕಾಪಾಡಿದ ಕೋಟು ಒಳಗೆ ಬಂದೊಡನೆ ಬೇಯಿಸಲು ಶುರುಮಾಡುತ್ತದೆ. ಬಿಚ್ಚೋಣವೆಂದರೆ ನಿಂತವರ ನಡುವೆ ತೋಳು ಚಾಚಲು ಜಾಗವಿಲ್ಲ. ಇಳಿಯುವ ಹೊತ್ತಿಗೆ ಬೆನ್ನು ಒದ್ದೆ. ಹೊರಗೆ ಕಾದು ನಿಂತ ಗಾಳಿಗೆ ಆ ಒದ್ದೆಯೇ ಬೇಕು. ಮನೆಮುಂದಿನ ಹಿಮ ಸಲಿಕೆಯಲ್ಲಿ ಎತ್ತಿ ಹಾಕುವಾಗಲೂ ಇದೇ ಕಥೆ. ಕೋಟಿನ ರಂಧ್ರಗಳು ಆವಿಯನ್ನು ಬಿಡುತ್ತವೆ, ಸರಿ; ಆದರೆ ನಮ್ಮ ಉತ್ಸಾಹದ ವೇಗಕ್ಕಲ್ಲ. ಕಂಕುಳಲ್ಲಿ ಜಿಪ್ಪಿರುವ ಕೋಟನ್ನು ನೋಡಿ ಹಿಂದೆ ನಗುತ್ತಿದ್ದೆ. ಈಗ ಅದಿಲ್ಲದ ಕೋಟನ್ನು ಅಂಗಡಿಯಲ್ಲಿ ಮುಟ್ಟುವುದೂ ಇಲ್ಲ.

ಮೂರನೆಯ ಪರೀಕ್ಷೆಗೆ ಯುರೋಪಿನ ಯಾವ ಕೋಟು ತಯಾರಕನೂ ಸಿದ್ಧನಾಗಿರಲಾರ: ಒಗ್ಗರಣೆ. ಫ್ಲಾಟಿನ ಬಾಗಿಲ ಹಿಂದಿನ ಮೊಳೆಗೂ ಒಲೆಗೂ ನಡುವೆ ಇರುವುದು ನಾಲ್ಕು ಹೆಜ್ಜೆ. ಸಾಸಿವೆ ಸಿಡಿದು, ಇಂಗು ಬಿದ್ದು, ಕರಿಬೇವು ಚಟಗುಟ್ಟಿದಾಗ ಎದ್ದ ಹೊಗೆಗೆ ಬಾತುಕೋಳಿಯ ಪುಕ್ಕ ಬಲು ಇಷ್ಟ. ಒಮ್ಮೆ ಹೊಕ್ಕರೆ ಮಾರ್ಚ್‌ವರೆಗೂ ಹೊರಡುವುದಿಲ್ಲ. ಒಗೆಯಬಾರದೇ ಎಂದರೆ ಅದೊಂದು ದೊಡ್ಡ ವ್ರತ. ಸಾಮಾನ್ಯ ಸೋಪಿನ ಪುಡಿ ಉಳಿದುಕೊಂಡರೆ ಮೇಲಿನ ನೀರುರುಳಿಸುವ ಲೇಪ ಕೆಡುತ್ತದೆ. ಬೇರೆ ದ್ರಾವಣ ಬೇಕು. ಆಮೇಲೆ ಯಂತ್ರದಲ್ಲಿ ಸಣ್ಣ ಕಾವಿಗೆ, ಟೆನಿಸ್ ಚೆಂಡುಗಳ ಜೊತೆ ಗಂಟೆಗಟ್ಟಲೆ ಉರುಳಿಸಬೇಕು. ಚೆಂಡು ಬಡಿದು ಬಡಿದು ಪುಕ್ಕದ ಮುದ್ದೆ ಒಡೆಯುತ್ತದೆ, ಕಾವಿಗೆ ಲೇಪವೂ ಚೇತರಿಸಿಕೊಳ್ಳುತ್ತದೆ. ಮಾಡದಿದ್ದರೆ ಹೊರಬಟ್ಟೆ ನೀರು ಕುಡಿದು ಭಾರವಾಗುತ್ತದೆ. ಒಳಪದರ ಗಟ್ಟಿಯಾಗಿದ್ದರೂ ಬೆವರಿಗೆ ದಾರಿ ಮುಚ್ಚಿಹೋಗುತ್ತದೆ. ಕೋಟು ಸೋರುತ್ತಿದೆ ಎಂದು ಅಂಗಡಿಯವನ ಮೇಲೆ ಹರಿಹಾಯುವವರಲ್ಲಿ ಅನೇಕರು ನೆನೆದಿರುವುದು ತಮ್ಮದೇ ಬೆವರಿನಲ್ಲಿ.

ಅಮ್ಮ ಬಂದಿದ್ದ ಚಳಿಗಾಲದಲ್ಲಿ ಕೋಟಿಗೆ ನಿಜವಾದ ಪರೀಕ್ಷಕರು ಸಿಕ್ಕರು. ಸೀರೆಯ ಮೇಲೆ ಮೊಣಕಾಲು ದಾಟುವ ಕೋಟು ತೊಡಿಸಿದೆವು. ನೆರಿಗೆಯ ತುದಿ ರಾಡಿ ಒರೆಸಿಕೊಂಡೇ ಬಂತು. ಮನೆಗೆ ಬಂದು ಕೋಟನ್ನು ಕೈಯಲ್ಲಿ ತೂಗಿ ನೋಡಿ ಕೇಳಿದರು, "ಇದಕ್ಕೆ ಎಷ್ಟು ಕೊಟ್ಟೆ ಮಾರಾಯ?"

ಹೇಳಿದೆ. ಡಾಲರನ್ನು ರೂಪಾಯಿಗೆ ಬದಲಿಸುವುದರಲ್ಲಿ ಅಮ್ಮನ ಮುಂದೆ ಬ್ಯಾಂಕಿನವರು ಏನೇನೂ ಅಲ್ಲ.

"ಅಷ್ಟು ದುಡ್ಡಿಗೆ ಊರಿನೋರಿಗೆಲ್ಲ ಕಂಬಳಿ ಹೊದೆಸಬಹುದಿತ್ತು. ನಿನ್ನ ಅಜ್ಜ ಒಂದು ಕಂಬಳಿ ಕೊಪ್ಪೆಯಲ್ಲಿ ನಲವತ್ತು ಮಳೆಗಾಲ ತೆಗೆದ್ರು. ಅದಕ್ಕೆ ಜಿಪ್ಪಿತ್ತಾ?"

ಅಮ್ಮನ ಮಾತನ್ನು ತಳ್ಳಿಹಾಕುವ ಹಾಗಿಲ್ಲ. ಉಣ್ಣೆ ತನ್ನ ತೂಕದ ಸುಮಾರು ಮೂರನೇ ಒಂದು ಪಾಲಿನಷ್ಟು ತೇವ ಹೀರಿದರೂ ಮುಟ್ಟಿದವರಿಗೆ ಒದ್ದೆ ಅನಿಸುವುದಿಲ್ಲ. ನೆನೆದರೂ ಒಂದಷ್ಟು ಕಾವು ಉಳಿಸಿಕೊಳ್ಳುತ್ತದೆ. ಕೊಪ್ಪೆಯ ಮುಂದೆಲ್ಲ ತೆರೆದೇ ಇರುವುದರಿಂದ ಬೆವರಿಗೆ ಪ್ರತ್ಯೇಕ ರಂಧ್ರ ಬೇಡ. ಬಗ್ಗಿ ನಾಟಿ ಮಾಡುವ ಹೆಂಗಸರಿಗೆ ಬೆನ್ನು ಪೂರ್ತಿ ಮುಚ್ಚುವ ಗೊರಬು ಇತ್ತು. ಎರಡು ಕೈಯೂ ಕೆಲಸಕ್ಕೆ ಬಿಡುವು. ಮಾಡುವ ಕೆಲಸ ನೋಡಿ ಮಾಡಿದ ಉಡುಪು ಅವು. ಆದರೆ ನೆನೆದ ಕಂಬಳಿಯ ಭಾರವನ್ನೂ ಕುರಿಯ ವಾಸನೆಯನ್ನೂ ಹೊತ್ತು ಸಬ್‌ವೇ ಹತ್ತಿದರೆ ಏನಾದೀತು ಎಂದು ಅಮ್ಮನಿಗೆ ವಿವರಿಸಿದೆ. "ಸೀಟು ಸಿಕ್ತದೆ" ಎಂದರು.

ಎಲ್ಲ ಪರೀಕ್ಷೆಗಳನ್ನೂ ಪಾಸಾದ ಕೋಟಿಗೂ ಒಂದು ಗಂಡಾಂತರ ಕಾದಿರುತ್ತದೆ, ಸತ್ಯನಾರಾಯಣ ಪೂಜೆ. ಜನವರಿಯಲ್ಲಿ ಗೆಳೆಯರ ಮನೆಗೆ ಪೂಜೆಗೆ ಹೋದರೆ ಬಂದವರೆಲ್ಲರ ಕೋಟುಗಳನ್ನೂ ಒಂದು ಮಲಗುವ ಕೋಣೆಯ ಮಂಚದ ಮೇಲೆ ರಾಶಿ ಹಾಕುತ್ತಾರೆ. ಸಪಾದ ಭಕ್ಷ್ಯ ಮುಗಿಸಿ ಹೊರಡುವಾಗ ನೋಡಿದರೆ ಮಂಚದ ಮೇಲೆ ಕೊರಳೆತ್ತರದ ಕಪ್ಪು ಗುಡ್ಡ. ಎಲ್ಲರೂ ಒಂದೇ ರಿಯಾಯಿತಿ ಮಾರಾಟದಲ್ಲಿ ಕೊಂಡ, ಒಂದೇ ಕಂಪನಿಯ, ಒಂದೇ ಅಳತೆಯ ಕೋಟುಗಳು. ಮೂಸಿ ಗುರುತು ಹಿಡಿಯೋಣವೆಂದರೆ ಪ್ರತಿಯೊಂದರಲ್ಲೂ ಇಂಗಿನ ಘಮ. ಒಮ್ಮೆ ನನ್ನದೆಂದು ತೊಟ್ಟು ಬಂದ ಕೋಟಿನ ಜೇಬಿಗೆ ಬಸ್ ನಿಲ್ದಾಣದಲ್ಲಿ ಕೈಹಾಕಿದರೆ ಒಂದು ಅಡಿಕೆಪುಡಿ ಪೊಟ್ಟಣ, ಎಡಗೈಯ ಗ್ಲೌಸು, ಯಾರದೋ ಹಲ್ಲಿನ ಡಾಕ್ಟರ ಚೀಟಿ ಸಿಕ್ಕವು. ನನ್ನ ಕೋಟು ಆ ಹೊತ್ತಿಗೆ ಮಿಸ್ಸಿಸಾಗಾ ತಲುಪಿತ್ತು. ಅದನ್ನು ತೊಟ್ಟವರು ಫೋನಿನಲ್ಲಿ ಹೇಳಿದರು, "ನಿಮ್ದು ಚೆನ್ನಾಗಿದೆ ಸಾರ್, ತೋಳಲ್ಲಿ ಒಂಚೂರೂ ನೀರು ಬರಲ್ಲ." ಇಷ್ಟು ನಿಷ್ಪಕ್ಷಪಾತವಾದ ಪರೀಕ್ಷಾ ವರದಿ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಹೀಗೆ ನನ್ನ ಹೆಸರು ಕೋಟು ಬಲ್ಲವನೆಂದು ಊರಲ್ಲಿ ಹಬ್ಬಿದೆ. ಹೊಸದಾಗಿ ಬೆಂಗಳೂರಿನಿಂದ ಬಂದಿಳಿದವರು ಅಕ್ಟೋಬರಿನಲ್ಲಿ ಫೋನು ಮಾಡುತ್ತಾರೆ. ಹೋದ ವರ್ಷ ಒಬ್ಬ ಹುಡುಗನಿಗೆ ಎಲ್ಲವನ್ನೂ ಹೇಳಿದೆ: ಅಂಗಡಿಯಲ್ಲೇ ಎರಡೂ ಕೈ ಎತ್ತಿ ನೋಡು, ಸೊಂಟ ಕಾಣಬಾರದು, ಗ್ಲೌಸು ಹಾಕಿಕೊಂಡೇ ಜಿಪ್ಪು ಎಳೆದು ನೋಡು, ಕುರ್ಚಿಯಲ್ಲಿ ಕೂತು ನೋಡು, ಹೊಲಿಗೆಗಳ ಒಳಗೆ ಟೇಪು ಅಂಟಿಸಿದ್ದಾರೋ ನೋಡು, ನೆನೆಯುವ ಕೆಲಸವಾದರೆ ಪುಕ್ಕಕ್ಕಿಂತ ಕೃತಕ ನೂಲಿನ ತುಂಬು ವಾಸಿ, ಒಳಗೆ ಒಂದು ಸ್ವೆಟರಿಗೆ ಜಾಗವಿರಲಿ. ಮ್ಯಾಕಿಂಟಾಷ್‌ನಿಂದ ಬಾಬ್ ಗೋರ್‌ವರೆಗೆ ಬಂದು, ಮಾತು ಕಂಬಳಿಗೆ ಹೊರಳುವುದರಲ್ಲಿತ್ತು.

"ಅಂಕಲ್, ಅದೆಲ್ಲಾ ಗೊತ್ತಾಯ್ತು. ಬಣ್ಣ ಯಾವ್ದು ತಗೊಳ್ಲಿ ಹೇಳಿ."

"ಕಪ್ಪು ಒಂದು ಬಿಟ್ಟು ಯಾವುದಾದ್ರೂ ತಗೋ," ಎಂದೆ.