ದಯವಿಟ್ಟು ಲೈನಿನಲ್ಲಿರಿ: ಆಫೀಸಿನ ಇಪಿಎಬಿಎಕ್ಸ್ ಜೊತೆ ಒಂದು ಸಂದರ್ಶನ

ಜಯನಗರ ನಾಲ್ಕನೇ ಬ್ಲಾಕಿನ ಒಂದು ಆಫೀಸು. ಯಾವುದು ಅಂತ ಕೇಳಬೇಡಿ. ನೀವೂ ಅಲ್ಲಿಗೆ ಫೋನ್ ಮಾಡಿದ್ದೀರಿ, ನಿಮಗೂ ಯಾರೂ ಸಿಕ್ಕಿಲ್ಲ. ರಿಸೆಪ್ಷನ್ ಹಿಂದಿನ ಗೋಡೆಯಲ್ಲಿ, ಮೀಟರ್ ಬೋರ್ಡಿನ ಪಕ್ಕ ಒಂದು ಬಿಳಿ ಡಬ್ಬ. ಇದೇ ಇಪಿಎಬಿಎಕ್ಸ್, ಹೊರಗಿನಿಂದ ಬಂದ ಕರೆಯನ್ನು ಒಳಗಿನ ಫೋನುಗಳಿಗೆ ಹಂಚುವ ಯಂತ್ರ. ಹೋದ ಆಯುಧಪೂಜೆಯ ಅರಿಶಿನ-ಕುಂಕುಮ ಇನ್ನೂ ಅದರ ನೆತ್ತಿಯ ಮೇಲಿದೆ. ರಿಸೆಪ್ಷನಿಸ್ಟ್ ಕೆಲಸ ಬಿಟ್ಟಾಗಿನಿಂದ ಆಫೀಸಿನ ಪರವಾಗಿ ಮಾತಾಡುವುದು ಇದೊಂದೇ. ಫೋನಿನಲ್ಲಂತೂ ದಕ್ಕಲಿಲ್ಲ, ಖುದ್ದಾಗಿ ಕಾಣೋಣ ಎಂದು ಹೋದೆ.

ನಾನು: ನಮಸ್ಕಾರ. ಸ್ವಲ್ಪ ಮಾತಾಡಬಹುದಾ?

ಇಪಿಎಬಿಎಕ್ಸ್: ನಮಸ್ಕಾರ. ನಿಮ್ಮ ಕರೆ ನಮಗೆ ಬಹಳ ಮುಖ್ಯ. ದಯವಿಟ್ಟು ಲೈನಿನಲ್ಲಿರಿ.

ನಾನು: ನಾನು ಕರೆ ಮಾಡಿಲ್ಲ ಮಾರಾಯರೇ, ಎದುರಿಗೇ ನಿಂತಿದೀನಿ.

ಇಪಿಎಬಿಎಕ್ಸ್: ಓ, ಕ್ಷಮಿಸಿ ಸಾರ್, ಅಭ್ಯಾಸ ಬಲ. ನನ್ನನ್ನ ಮಾತಾಡಿಸೋಕೆ ಅಂತ ಇಲ್ಲಿಗೆ ಯಾರೂ ಬರೋದಿಲ್ಲ. ಕೂತ್ಕೊಳಿ, ಆ ಕುರ್ಚಿ ಖಾಲೀನೇ ಇರತ್ತೆ.

ನಾನು: ಮೊದಲು ನಿಮ್ಮ ವಂಶದ ಬಗ್ಗೆ ಹೇಳಿ.

ಇಪಿಎಬಿಎಕ್ಸ್: ದೊಡ್ಡ ಮನೆತನ ಸಾರ್. ಮೂಲಪುರುಷ ಅಮೆರಿಕದ ಅಲ್ಮನ್ ಸ್ಟ್ರೋಜರ್. ಶವಸಂಸ್ಕಾರದ ವ್ಯಾಪಾರ ಆತನದ್ದು. ಗಿರಾಕಿಗಳ ಕರೇನೆಲ್ಲ ಆಪರೇಟರಮ್ಮ ಎದುರಾಳಿಗೇ ಕೊಡ್ತಾಳೆ ಅಂತ ಅನುಮಾನ ಬಂದು, ಆಪರೇಟರೇ ಬೇಡದ ಎಕ್ಸ್‌ಚೇಂಜ್ ಮಾಡಿದ ಅಂತ ಕತೆ. ಪೇಟೆಂಟ್ ಸಿಕ್ಕಿದ್ದು 1891ರಲ್ಲಿ. ಬೆಂಗಳೂರಿಗೆ ಬಂದ್ರೆ, ದೂರವಾಣಿನಗರದ ಟೆಲಿಫೋನ್ ಕಾರ್ಖಾನೆ ಐಟಿಐ, 1948ರದ್ದು. ಆಮೇಲೆ 1984ರಲ್ಲಿ ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್. ಹಳ್ಳಿಗಳಿಗೆ ಅಂತ ಅವರು ಮಾಡಿದ 128 ಪೋರ್ಟಿನ ಎಕ್ಸ್‌ಚೇಂಜು 1986ರಲ್ಲಿ ಮೊದಲು ಕೂತಿದ್ದು ನಮ್ಮ ಕಿತ್ತೂರಲ್ಲಿ. ಧೂಳು, ಸೆಕೆ, ಏಸಿ ಇಲ್ಲ, ಆದ್ರೂ ಊರನ್ನ ಮಾತಾಡಿಸ್ತು. ನನಗಿಲ್ಲಿ ಏಸಿ ಇದೆ, ಕೆಲಸ ಇಲ್ಲ.

ನಾನು: ಕೆಲಸ ಇಲ್ಲವಾ? ನಾನು ಬಂದಾಗಿನಿಂದ ಹೊಡಕೊಳ್ತಾನೇ ಇದೀರಿ.

ಇಪಿಎಬಿಎಕ್ಸ್: ಹೊಡಕೊಳ್ಳೋದು ಕೆಲಸ ಅಲ್ಲ ಸಾರ್. ನನ್ನ ಹೊಟ್ಟೇಲಿ ಏನೇನಿದೆ ಗೊತ್ತಾ? ಕಾಲ್ ಪಿಕಪ್ ಇದೆ. ಪಕ್ಕದ ಟೇಬಲ್ಲಿನ ಫೋನು ಹೊಡ್ಕೊಂಡ್ರೆ ಏಳಬೇಕಾಗಿಲ್ಲ, ಕೂತಲ್ಲೇ ಕೋಡ್ ಒತ್ತಿದ್ರೆ ಕರೆ ಇಲ್ಲಿಗೇ ಬರತ್ತೆ. ಹಂಟ್ ಗ್ರೂಪ್ ಇದೆ: ಒಬ್ಬರು ಎತ್ತದಿದ್ರೆ ಮುಂದಿನವರಿಗೆ, ಅವರೂ ಎತ್ತದಿದ್ರೆ ಅವರ ಮುಂದಿನವರಿಗೆ. ಫಾರ್ವರ್ಡ್ ಇದೆ, ಊಟಕ್ಕೆ ಹೋಗೋವಾಗ ಕರೇನ ಬೇರೆಯವರಿಗೆ ತಿರುಗಿಸಿ ಹೋಗಬಹುದು. ಕಾಲ್‌ಬ್ಯಾಕ್ ಇದೆ, ಆ ಕಡೆ ಎಂಗೇಜ್ ಇದ್ರೆ ಬಿಡುವಾದ ತಕ್ಷಣ ನಾನೇ ಕರೆದು ಕೊಡ್ತೀನಿ. ಇವರು ಬಳಸೋದು ಎರಡೇ. ಹೋಲ್ಡು, ಟ್ರಾನ್ಸ್‌ಫರು. ನಂಬಿಕೆ ಇಲ್ಲದಿದ್ರೆ ಆ ಫೋನ್ ನೋಡಿ.

ನೋಡಿದೆ. ಹೋಲ್ಡಿಗೂ ಟ್ರಾನ್ಸ್‌ಫರಿಗೂ ಒತ್ತುವ ಫ್ಲ್ಯಾಶ್ ಗುಂಡಿಯ ಅಕ್ಷರ ಪೂರ್ತಿ ಸವೆದುಹೋಗಿದೆ, ಉಳಿದ ಗುಂಡಿಗಳು ಹೊಸದಾಗೇ ಇವೆ. ಮೇಜಿನ ಗಾಜಿನಡಿ ಎಕ್ಸ್‌ಟೆನ್ಷನ್ ಪಟ್ಟಿ. ಸೆಲ್ಲೋಟೇಪು ಹಳದಿಗಟ್ಟಿದೆ. ಒಂದು ಹೆಸರಿನ ಮುಂದೆ ‘ರಿಟೈರ್ಡ್’, ಎರಡರ ಮೇಲೆ ಬಾಲ್‌ಪೆನ್ನಿನ ಗೀಟು, ಇನ್ನೊಂದರ ಪಕ್ಕ ‘ಅಕೌಂಟ್ಸ್?’ ಎಂದು ಯಾರೋ ಬರೆದಿದ್ದಾರೆ.

ನಾನು: ಅದಿರಲಿ. ಹೊರಗಡೆ ಹೊಂಗೆ ಮರಕ್ಕೆ ಕರಿ ಕೇಬಲ್ಲು ಸುರುಳಿ ಸುರುಳಿಯಾಗಿ ಸುತ್ತಿ ನೇತುಹಾಕಿದಾರಲ್ಲ, ಅದು ನಿಮ್ಮದಾ?

ಇಪಿಎಬಿಎಕ್ಸ್: ಅಲ್ಲ ಸಾರ್, ಅದು ಫೈಬರ್ರು. ನಾನು ಹೇಳ್ತಿದ್ದೆ, ನನ್ನ ಮ್ಯಾನ್ಯುಯಲ್ ಇನ್ನೂ ಪ್ಲಾಸ್ಟಿಕ್ ಕವರ್ ಒಳಗೇ...

ನಾನು: ಟೆಲಿಫೋನಿನವರು ಅಗೆದ ಕಾಲದಲ್ಲಿ ಗುಂಡಿಗೆ ಕೊನೇಪಕ್ಷ ಒಂದು ಕೆಂಪು ಬಾವುಟ ಸಿಗಿಸೋರು. ಈಗ ಡಾಂಬರಿನ ಬಿಸಿ ಆರೋದ್ರೊಳಗೆ ಅಗೀತಾರೆ, ಮುಚ್ಚೋದಿಲ್ಲ. ಜೆ.ಪಿ. ನಗರ, ಬಿಟಿಎಂ, ಎಲ್ಲಿ ನೋಡಿದ್ರೂ ತಲೆ ಮೇಲೆ ತಂತಿ, ಕಾಲಡಿ ಹಳ್ಳ. ಬಿಬಿಎಂಪಿ ಹೋಗಿ 2025ರಲ್ಲಿ ಐದು ಪಾಲಿಕೆ ಆಯ್ತು. ಎರಡು ಪಾಲಿಕೆ ಗಡೀಲಿರೋ ಹಳ್ಳಕ್ಕೆ ಯಾರನ್ನ ಕೇಳಬೇಕು?

ಇಪಿಎಬಿಎಕ್ಸ್: ಒಳ್ಳೇದೇ ಆಯ್ತಲ್ಲ ಸಾರ್. ಐದು ಎಕ್ಸ್‌ಟೆನ್ಷನ್ ಸಿಕ್ಕಿದ್ರೆ ಹಂಟ್ ಗ್ರೂಪ್ ಮಾಡಬಹುದು. ಮ್ಯಾನ್ಯುಯಲ್‌ನಲ್ಲಿದೆ, ಯಾರೂ ಓದೋದಿಲ್ಲ.

ನಾನು: ಹೋಗಲಿ ಬಿಡಿ. ಹೋಲ್ಡ್‌ನಲ್ಲಿಟ್ಟಾಗ ಅದೇನದು ಟಿಣಿಂ ಟಿಣಿಂ?

ಇಪಿಎಬಿಎಕ್ಸ್: ಬೀಥೋವನ್ ಸಾರ್! ‘ಫ್ಯೂರ್ ಎಲೀಸ್’. ಪಾಪ, ಆತ ಬದುಕಿದ್ದಾಗ ಅದು ಅಚ್ಚೇ ಆಗಲಿಲ್ಲ. ಬೆಳಕಿಗೆ ಬಂದಿದ್ದು 1867ರಲ್ಲಿ, ಆತ ಸತ್ತು ನಲವತ್ತು ವರ್ಷಕ್ಕೆ. ಇಲ್ಲಿ ಕೊನೇವರೆಗೂ ಕೇಳಿಸಿಕೊಂಡ ರಸಿಕರು ಇನ್ನೂ ಸಿಕ್ಕಿಲ್ಲ.

ನಾನು: ಒಬ್ಬರಿದ್ದಾರೆ. ಬನಶಂಕರಿ ಎರಡನೇ ಹಂತದಲ್ಲಿ, ನಮ್ಮ ಪರಿಚಯದ ನಿವೃತ್ತ ಮೇಷ್ಟ್ರು. ಬ್ಯಾಂಕಿನ ಹೆಸರು ಬೇಡ. ಖಾತೆಯಿಂದ ದುಡ್ಡು ಹೋಯ್ತು ಅಂತ ಎಸ್ಸೆಮ್ಮೆಸ್ ಬಂತು. ಕೂಡಲೇ ಫೋನ್ ಮಾಡಿದರು. ಸಾಲ ಬೇಕಿದ್ದರೆ ಇದನ್ನೊತ್ತಿ, ವಿಮೆ ಬೇಕಿದ್ದರೆ ಅದನ್ನೊತ್ತಿ, ಹೊಸ ಕ್ರೆಡಿಟ್ ಕಾರ್ಡಿಗೆ ಮತ್ತೊಂದು. ‘ನನ್ನ ದುಡ್ಡು ಕದೀತಿದಾರೆ’ ಅನ್ನೋದಕ್ಕೆ ಗುಂಡಿ ಹುಡುಕಬೇಕು. ಹದಿನಾರು ಅಂಕಿಯ ಕಾರ್ಡ್ ನಂಬರ್ ಒತ್ತಿ ಅಂತು. ಕೈ ನಡುಗೋ ಮನುಷ್ಯ, ಒಂದಂಕಿ ತಪ್ಪಿದರು. ಮತ್ತೆ ಮೊದಲಿಂದ. ಅಷ್ಟರಲ್ಲಿ ಎರಡನೇ ಎಸ್ಸೆಮ್ಮೆಸ್.

2017ರ ರಿಸರ್ವ್ ಬ್ಯಾಂಕ್ ಸುತ್ತೋಲೆ ಏನು ಹೇಳಿತ್ತು ಗೊತ್ತಾ? ತಪ್ಪು ಗ್ರಾಹಕನದೂ ಅಲ್ಲ, ಬ್ಯಾಂಕಿನದೂ ಅಲ್ಲ ಅಂತಾದರೆ, ಮೂರು ಕೆಲಸದ ದಿನದೊಳಗೆ ತಿಳಿಸಿದವನ ಮೇಲೆ ಹೊಣೆಯಿಲ್ಲ. ಗ್ರಾಹಕನೇ ಎಡವಿದ್ದರೂ, ಅವನು ತಿಳಿಸಿದ ಮೇಲೆ ಆಗೋ ನಷ್ಟ ಬ್ಯಾಂಕಿನದು. ತಿಳಿಸೋವರೆಗಿನದ್ದು ಅವನದು. ಅಂದರೆ ಮೇಷ್ಟ್ರೇ ಎಲ್ಲೋ ಎಡವಿದ್ದರು ಅಂತಾದರೆ, ನಿಮ್ಮ ಟಿಣಿಂ ಟಿಣಿಂ ನಡೀತಿದ್ದಷ್ಟು ಹೊತ್ತೂ ಕಳ್ಳ ಒಯ್ದಿದ್ದು ಮೇಷ್ಟ್ರ ಪಿಂಚಣಿ ದುಡ್ಡು. ಅವರು ಫೋನ್ ಹಿಡಿದೇ ಇದ್ದರು, ಎತ್ತಿಕೊಳ್ಳುವವರು ಇರಲಿಲ್ಲ. ಇದಕ್ಕೆ ಸೌಲಭ್ಯ ಅಂತ ಹೆಸರು. ಸಾಲ ಬೇಕಾ ಅಂತ ಕೇಳೋಕೆ ಮಾತ್ರ ಹಗಲೆಲ್ಲ ಜನ ಸಿಗ್ತಾರೆ, ನಮ್ಮ ಮನೆ ಫೋನಿಗೇ ಮಾಡ್ತಾರೆ.

ಇಪಿಎಬಿಎಕ್ಸ್: ...ಆ ಬ್ಯಾಂಕಿನ ಮಶೀನಿನಲ್ಲೂ ಕಾಲ್‌ಬ್ಯಾಕ್ ಇರತ್ತೆ ಸಾರ್. ಅರ್ಜೆಂಟ್ ಕರೇನ ಕ್ಯೂನಲ್ಲಿ ಮುಂದೆ ಹಾಕೋದೂ ಇರತ್ತೆ. ಸಾಲ ಮೊದಲು, ಕಳ್ಳತನ ಆಮೇಲೆ ಅಂತ ಮೆನು ಬರೆದಿದ್ದು ನಾವಲ್ಲ. ಮೀಟಿಂಗ್‌ನಲ್ಲಿ ಕೂತು ಬರೀತಾರೆ. ಕೊಟ್ಟಿದ್ದನ್ನ ಓದ್ತೀವಿ.

ನಾನು: ಕೊನೇ ಪ್ರಶ್ನೆ. ‘ಆಪರೇಟರ್‌ಗಾಗಿ ಒಂಬತ್ತನ್ನು ಒತ್ತಿ’ ಅಂತ ಎಲ್ಲಾ ಮುಗಿದ ಮೇಲೆ ಹೇಳ್ತೀರಲ್ಲ, ಒತ್ತಿದರೆ ಆ ಕರೆ ಎಲ್ಲಿಗೆ ಹೋಗುತ್ತೆ?

ಇಪಿಎಬಿಎಕ್ಸ್: ಇಲ್ಲಿಗೇ ಸಾರ್, ನೀವು ಕೂತಿರೋ ಮೇಜಿನ ಫೋನಿಗೆ. ನೀವು ಬಂದಾಗಿನಿಂದ ಹೊಡಕೊಳ್ತಿರೋದು ಅದೇ.

ಆಫೀಸು, ಬ್ಯಾಂಕು, ಆಸ್ಪತ್ರೆ ನಡೆಸುವವರಲ್ಲಿ ಕೇಳುವುದು ಇಷ್ಟೇ: ಮೆನುವಿನಲ್ಲಿ ಒಂಬತ್ತನ್ನು ಮೊದಲು ಹೇಳಿ, ಆ ಕುರ್ಚಿಯಲ್ಲಿ ಒಬ್ಬ ಮನುಷ್ಯರನ್ನು ಕೂರಿಸಿ. ಇದಕ್ಕೆ ಹೊಸ ಡಬ್ಬ ಕೊಳ್ಳಬೇಕಾಗಿಲ್ಲ.

ಓದುಗರಿಗೆ ಒಂದು ಮಾತು. ಬ್ಯಾಂಕಿನ ನಂಬರನ್ನು ಗೂಗಲ್‌ನಲ್ಲಿ ಹುಡುಕಬೇಡಿ, ಅಲ್ಲಿ ನಕಲಿಗಳು ಕಾದಿರುತ್ತಾರೆ. ಕಾರ್ಡಿನ ಹಿಂಬದಿಯಲ್ಲಿರುವ ಬ್ಯಾಂಕಿನ ಫೋನ್ ನಂಬರನ್ನು ದೊಡ್ಡಕ್ಷರದಲ್ಲಿ ಬರೆದು ಮನೆಯ ಹಿರಿಯರ ಕೈಗೆ ಸಿಗುವ ಕಡೆ ಅಂಟಿಸಿ. ಅದರ ಕೆಳಗೆ ಸೈಬರ್ ವಂಚನೆಯ ಸಹಾಯವಾಣಿ 1930 ಕೂಡ ಇರಲಿ. ದುಡ್ಡು ಹೋದದ್ದು ಗೊತ್ತಾದ ಕೂಡಲೇ ಎರಡಕ್ಕೂ ಕರೆ ಮಾಡಿ, ದೂರು ದಾಖಲಾದ ಸಂಖ್ಯೆಯನ್ನೂ ಹೊತ್ತನ್ನೂ ಬರೆದಿಟ್ಟುಕೊಳ್ಳಿ.