ಒಂಬತ್ತೂವರೆ ರಾಯರ ಸಮುದ್ರ ಜಾಗರಣೆ

ಬೆಂಗಳೂರಿನ ಬಸವನಗುಡಿಯಲ್ಲಿ ರಾತ್ರಿ ಒಂಬತ್ತರ ಮೇಲೆ ಹಳಬರ ಮನೆಗೆ ಫೋನು ಮಾಡಿ ನೋಡಿ. ಆ ಕಡೆಯಿಂದ ‘ಹಲೋ’ ಬರುವುದಿಲ್ಲ. “ಯಾಕ್ರೀ, ಏನಾದ್ರೂ ಹೆಚ್ಚುಕಮ್ಮಿ ಆಯ್ತಾ?” ಎಂಬ ಗಾಬರಿಯ ದನಿ ಬರುತ್ತದೆ. ಸಾವಿನ ಸುದ್ದಿ ಬಿಟ್ಟರೆ ಆ ಹೊತ್ತಿನಲ್ಲಿ ಹೇಳುವಂಥ ಸಂಗತಿ ಲೋಕದಲ್ಲಿ ಇನ್ನೊಂದಿಲ್ಲ ಎಂದು ನಂಬಿದ ಗೃಹಸ್ಥರ ದನಿ ಅದು. ಮಲ್ಲೇಶ್ವರದಲ್ಲೂ ಇವರಿದ್ದಾರೆ, ಚಾಮರಾಜಪೇಟೆಯಲ್ಲೂ ಇದ್ದಾರೆ. ವಯಸ್ಸು ಅರವತ್ತೈದರ ಮೇಲೆ. ಬ್ಯಾಂಕೋ, ಎಚ್‌ಎಎಲ್ಲೋ, ಎ.ಜಿ. ಆಫೀಸೋ, ಎಲ್ಲೋ ಒಂದು ಕಡೆ ಸರ್ವೀಸು ಮುಗಿಸಿದವರು. ಸಿಯಾಟಲ್‌ನಲ್ಲಿ ಒಬ್ಬ ಮಗಳು. ಇವರನ್ನು ಒಂಬತ್ತೂವರೆ ರಾಯರು ಅನ್ನೋಣ.

ರಾಯರು ಮಲಗುವುದೆಂದರೆ ಸುಮ್ಮನೆ ಹಾಸಿಗೆಗೆ ಬಿದ್ದುಕೊಳ್ಳುವುದಲ್ಲ, ಅದಕ್ಕೊಂದು ವಿಧಿ ಇದೆ. ಮೊದಲು ಗೇಟಿಗೆ ಬೀಗ. ಹಾಕಿದ ಬೀಗವನ್ನು ಮೂರು ಸಲ ಎಳೆದು ನೋಡಬೇಕು. ಎರಡೇ ಸಲ ಎಳೆದರೆ ಅದು ಹೇಗೋ ಕಳ್ಳರಿಗೆ ಗೊತ್ತಾಗಿಬಿಡುತ್ತದೆ. ಆಮೇಲೆ ಗ್ಯಾಸಿನ ರೆಗ್ಯುಲೇಟರ್ ತಿರುಗಿಸುವುದು, ಬೆಳಗಿನ ಡಿಕಾಕ್ಷನ್‌ಗೆ ಫಿಲ್ಟರಿನಲ್ಲಿ ಪುಡಿ ಹಾಕಿಡುವುದು, ಹಾಲಿನ ಚೀಲ ಬಾಗಿಲಿಗೆ ತಗಲಿಸುವುದು, ಬಿ.ಪಿ. ಮಾತ್ರೆ ನುಂಗುವುದು, ನುಂಗಿದೆನೋ ಇಲ್ಲವೋ ಎಂದು ಹೆಂಡತಿಯನ್ನು ಕೇಳುವುದು. ತಲೆ ಉತ್ತರಕ್ಕೆ ಹಾಕಕೂಡದು. ಈ ವಿಧಿಯ ಮಧ್ಯೆ ನೆಂಟರು ಯಾರಾದರೂ ಹಾಲ್‌ನಲ್ಲಿ ಕೂತೇ ಇದ್ದರೆ ರಾಯರು ‘ಹೊರಡಿ’ ಎನ್ನುವಷ್ಟು ಒರಟರಲ್ಲ. ಬಾಯಿ ಅಗಲಿಸಿ ಆಕಳಿಸುತ್ತಾರೆ, ಬಾಯಿ ಮುಂದೆ ಚಿಟಿಕೆ ಹೊಡೆಯುತ್ತಾರೆ, ‘ರಾಮ ರಾಮ’ ಅನ್ನುತ್ತಾರೆ. ಮೂರನೆಯ ರಾಮನಿಗೆ ನೆಂಟರು ಚಪ್ಪಲಿ ಹುಡುಕುತ್ತಿರುತ್ತಾರೆ.

ಇಷ್ಟಾದರೂ ರಾಯರನ್ನು ರಾತ್ರಿಯ ದ್ವೇಷಿ ಎನ್ನುವಂತಿಲ್ಲ. 1939ರಲ್ಲಿ ಶುರುವಾದ ಶ್ರೀ ರಾಮಸೇವಾ ಮಂಡಳಿಯ ರಾಮನವಮಿ ಕಛೇರಿ ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನದಲ್ಲಿ ನಡೆದುಕೊಂಡು ಬಂದಿದೆ. ಅಲ್ಲಿ ತನಿ ಆವರ್ತನ ಎಷ್ಟೇ ಹೊತ್ತಾಗಲಿ, ರಾಯರು ಗಡಿಯಾರ ನೋಡಿದವರಲ್ಲ. ಶಿವರಾತ್ರಿಗೆ ಕಾಡು ಮಲ್ಲೇಶ್ವರನ ಗುಡಿಯಲ್ಲಿ ನಾಲ್ಕು ಯಾಮದ ಪೂಜೆಗೂ ಕೂತಿದ್ದಾರೆ. ಚೈತ್ರದ ಹುಣ್ಣಿಮೆಗೆ ಧರ್ಮರಾಯನ ಗುಡಿಯಿಂದ ನಡುರಾತ್ರಿ ದಾಟಿ ಹೊರಡುವ ಕರಗ ನೋಡಲು ತಿಗಳರಪೇಟೆಯ ಯಾರದೋ ಜಗುಲಿಯ ಮೇಲೆ ಬೆಳಗಿನ ಜಾವದವರೆಗೆ ನಿಂತಿದ್ದಾರೆ. ಕಾರ್ತೀಕದ ಕಡೇ ಸೋಮವಾರ ಬುಲ್ ಟೆಂಪಲ್ ರಸ್ತೆಯಲ್ಲಿ ಕಡಲೆಕಾಯಿ ಪರಿಷೆ ಸೇರಿದಾಗಲಂತೂ ಜನ ಕರಗುವ ಹೊತ್ತಿಗೇ ರಾಯರ ಚೌಕಾಸಿ ಶುರು. ಅವರ ತತ್ವ ಸರಳ: ರಾತ್ರಿ ಎಚ್ಚರವಾಗಿರುವುದು ತಪ್ಪಲ್ಲ, ಕಾರಣವಿಲ್ಲದೆ ಎಚ್ಚರವಾಗಿರುವುದು ತಪ್ಪು. ದೇವರೋ ರಾಗವೋ ಒಂದು ಜಾಮೀನು ನಿಂತರೆ ಸಾಕು, ರಾಯರು ಬೆಳಗಿನ ಕೋಳಿಯನ್ನೂ ತಾವೇ ಎಬ್ಬಿಸಬಲ್ಲರು.

ಇಂಥ ರಾಯರಿಗೆ ಮಗಳು ಅಲಾಸ್ಕಾದ ಹಡಗಿನಲ್ಲಿ ಒಂದು ವಾರದ ಟಿಕೆಟ್ ಮಾಡಿಸಿದಳು. ಸಿಯಾಟಲ್‌ನಿಂದ ಹೊರಟು ಕೆಚಿಕನ್, ಜೂನೋ, ಸ್ಕಾಗ್ವೆ, ಹಿಮನದಿ, ಮತ್ತೆ ಸಿಯಾಟಲ್. ರಾಯರ ತಾತ ಸಮುದ್ರ ದಾಟಿದ್ದರೆ ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕಾಗುತ್ತಿತ್ತು. ರಾಯರು ಮಾಡಿಕೊಂಡದ್ದು ಟ್ರಾವೆಲ್ ಇನ್ಶೂರೆನ್ಸ್. ಸೂಟ್‌ಕೇಸಿಗೆ ಚಟ್ನಿಪುಡಿ, ಹುರಿಯವಲಕ್ಕಿ, ಕೋಡುಬಳೆ, ಕಾಫಿಪುಡಿ, ಹಿತ್ತಾಳೆ ಫಿಲ್ಟರ್, ಪಂಚಪಾತ್ರೆ, ಉದ್ಧರಣೆ ಎಲ್ಲ ಸೇರಿದವು. ಹಡಗು ಹತ್ತುವಾಗ ತಪಾಸಣೆಯವರು ಎಲೆಕ್ಟ್ರಿಕ್ ಕೆಟಲ್ ಮಾತ್ರ ತೆಗೆದಿಟ್ಟುಕೊಂಡರು. ಬೆಂಕಿಯ ಭಯಕ್ಕೆ ಹಡಗಿನಲ್ಲಿ ಅಂಥವಕ್ಕೆಲ್ಲ ಮನಾಯಿ. ಫಿಲ್ಟರನ್ನು ತಿರುಗಿಸಿ ಮುರುಗಿಸಿ ನೋಡಿ, ತೂತುಗಳನ್ನು ಬೆಳಕಿಗೆ ಹಿಡಿದು, ಅಪಾಯವಿಲ್ಲವೆಂದು ಬಿಟ್ಟರು.

ಮೊದಲ ಸಂಜೆ ಕ್ಯಾಬಿನ್ನಿಗೆ ಒಂದು ಕಾಗದ ಬಂತು. ಇವತ್ತು ಹಡಗಿನಲ್ಲಿ ಏನೇನು, ಎಷ್ಟು ಹೊತ್ತಿಗೆ, ಯಾವ ಮಹಡಿಯಲ್ಲಿ ಎಂಬ ಪಟ್ಟಿ. ರಾಯರು ಕನ್ನಡಕ ಹಾಕಿಕೊಂಡು ಮದುವೆಯ ಲಗ್ನಪತ್ರಿಕೆ ಓದುವಂತೆ ಓದಿದರು. ಹತ್ತಕ್ಕೆ ಸಂಗೀತ. ಹತ್ತೂಮುಕ್ಕಾಲಿಗೆ ದೊಡ್ಡವರಿಗೆ ಮಾತ್ರ ಹಾಸ್ಯ. ಹನ್ನೊಂದೂವರೆಗೆ ಸೈಲೆಂಟ್ ಡಿಸ್ಕೊ. ಕ್ಯಾಸಿನೊ ತಡರಾತ್ರಿವರೆಗೆ. ಪಿಜ್ಜಾ ಅದಕ್ಕಿಂತ ತಡವಾಗಿ.

“ಇವರು ಮಲಗೋದೆಲ್ಲಿ ಅಂತ ಬರ್ದೇ ಇಲ್ವಲ್ಲೇ?”

“ಮಲಗೋದಕ್ಕೆ ಪ್ರೋಗ್ರಾಂ ಬೇಕಾ? ಹೋಗಿ ಮಲ್ಕೊಳ್ಳಿ” ಎಂದರು ಹೆಂಡತಿ.

ಸೈಲೆಂಟ್ ಡಿಸ್ಕೊ ಎಂದರೆ ಏನೆಂದು, ಮಗಳೊಡನೆ ಜೊತೆಗೆ ಬಂದಿದ್ದ ಅಳಿಯ ವಿವರಿಸಿದ: ಎಲ್ಲರೂ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಅವರವರ ಹಾಡಿಗೆ ಅವರವರು ಕುಣಿಯುವುದು, ಹೊರಗೆ ನಿಂತವರಿಗೆ ಏನೂ ಕೇಳಿಸುವುದಿಲ್ಲ. ರಾಯರು ಸ್ವಲ್ಪ ಹೊತ್ತು ಯೋಚಿಸಿದರು. “ಒಳ್ಳೇ ಉಪಾಯ. ತಾಳ ತಪ್ಪಿದರೂ ಯಾರಿಗೂ ಗೊತ್ತಾಗೋಲ್ಲ.”

ಒಂಬತ್ತೂವರೆಗೆ ಮಲಗಲು ಹೋದರು. ಹಾಸಿಗೆಯ ಮೇಲೆ ಟವೆಲಿನಲ್ಲಿ ಮಡಚಿದ ಆನೆ, ಅದರ ಮುಂದೆ ಚಾಕೊಲೇಟು. ಗಣಪತಿಯ ರೂಪವಾದ್ದರಿಂದ ಅದನ್ನು ಕೆಳಗಿಡುವಂತಿಲ್ಲ. ಮೇಜಿನ ಮೇಲೆ ಪ್ರತಿಷ್ಠೆಯಾಯಿತು, ಚಾಕೊಲೇಟು ನೈವೇದ್ಯವಾಯಿತು. ಬೀಗ ಎಳೆದು ನೋಡೋಣವೆಂದರೆ ಬಾಗಿಲಿಗೆ ಬೀಗವೇ ಇಲ್ಲ, ಕಾರ್ಡು; ಹಿಡಿಯನ್ನೇ ಮೂರು ಸಲ ಎಳೆದರು. ಇನ್ನೇನು ದಿಂಬಿಗೆ ತಲೆ ಕೊಡಬೇಕು, ಟಿ.ವಿ.ಯಲ್ಲಿ ಹಡಗಿನ ನಕ್ಷೆ ಕಂಡಿತು. ಅಲಾಸ್ಕಾ ಇರುವುದು ಉತ್ತರಕ್ಕೆ. ಹಡಗಿನ ಮೂತಿ ಉತ್ತರಕ್ಕೆ. ದಿಂಬು ಇದ್ದದ್ದು ಹಡಗಿನ ಮೂತಿಯ ಕಡೆಗೆ.

ರಾಯರು ಎದ್ದು ಕೂತರು. ದಿಂಬುಗಳು ಕಾಲ ಕಡೆಗೆ ಹೋದವು. ಮಾರನೆಯ ದಿನ ಕ್ಯಾಬಿನ್ ನೋಡಿಕೊಳ್ಳುವ ಹುಡುಗ ಅವನ್ನು ಮತ್ತೆ ಮೊದಲಿನ ಜಾಗದಲ್ಲಿಟ್ಟ, ರಾತ್ರಿ ರಾಯರು ಮತ್ತೆ ತಿರುಗಿಸಿದರು. ಎರಡು ದಿನ ಇದು ನಡೆದ ಮೇಲೆ ಆ ಹುಡುಗ ಸೋತು, ದಿಂಬನ್ನು ಕಾಲ ಕಡೆಗೇ ಇಟ್ಟು, ಟವೆಲಿನ ಮೊಲವನ್ನೂ ಅಲ್ಲೇ ಕೂರಿಸಿದ. ಆದರೆ ಹಡಗು ದ್ವೀಪಗಳ ನಡುವೆ ಸಾಗುವಾಗ ರಾತ್ರಿಯಿಡೀ ಒಂದೇ ದಿಕ್ಕಿಗೆ ಹೋದೀತೇ? ರಾಯರು ನಡುರಾತ್ರಿ ಎದ್ದು ನಕ್ಷೆ ನೋಡಿ, ಹೆಂಡತಿಯನ್ನು ಎಬ್ಬಿಸಿದರು.

“ಲೇ, ಹಡಗು ತಿರುಗಿದೆ. ನೀನೂ ತಿರುಗು.”

“ಹಡಗು ಕಾಶಿಗೆ ಬೇಕಾದ್ರೂ ತಿರುಗಲಿ. ಇನ್ನೊಂದು ಸಲ ಎಬ್ಬಿಸಿದ್ರೆ ನಾನು ಮಗಳ ರೂಮಿಗೆ ಹೋಗ್ತೀನಿ.”

ದಿಕ್ಕಿನ ತೊಂದರೆಯನ್ನು ಹೇಗೋ ನಿಭಾಯಿಸಬಹುದಿತ್ತು. ನಿಜವಾದ ಪೆಟ್ಟು ಕೊಟ್ಟವನು ಸೂರ್ಯ. ಜೂನ್ ಕೊನೆಯಲ್ಲಿ ಜೂನೋದಲ್ಲಿ ಸೂರ್ಯ ಮುಳುಗುವುದು ರಾತ್ರಿ ಹತ್ತು ದಾಟಿದ ಮೇಲೆ. ಮತ್ತೆ ಹುಟ್ಟುವುದು ಬೆಳಗಿನ ನಾಲ್ಕಕ್ಕೂ ಮುಂಚೆ. ನಡುವೆ ಕತ್ತಲು ಪೂರ್ತಿ ಇಳಿಯುವುದೇ ಇಲ್ಲ. ರಾಯರ ಸಾಯಂ ಸಂಧ್ಯಾವಂದನೆಯ ಗತಿ? ಸೂರ್ಯ ಇನ್ನೂ ಕಾಣುತ್ತಿರುವಾಗ ಮಾಡಿದರೆ ಉತ್ತಮ, ಮುಳುಗಿದ ಮೇಲೆ ಮಧ್ಯಮ, ನಕ್ಷತ್ರ ಮೂಡಿದ ಮೇಲೆ ಅಧಮ ಎಂದು ಶಾಸ್ತ್ರ. ಅಲ್ಲಿ ಅಧಮವಾಗಲು ಯಾರಿಗಾದರೂ ಕಷ್ಟವೇ. ಹಾಗೆಂದು ನೆತ್ತಿಯಿಂದ ಇನ್ನೂ ಇಳಿಯದ ಸೂರ್ಯನನ್ನು ಐದು ಗಂಟೆಗೇ ಸಾಯಂಕಾಲದ ಸೂರ್ಯ ಎನ್ನಲು ರಾಯರ ಮನಸ್ಸು ಒಪ್ಪಲಿಲ್ಲ. ಒಂಟಿಕೊಪ್ಪಲ್ ಪಂಚಾಂಗ ತೆರೆದರು. ಅದರಲ್ಲಿ ಜೂನೋದ ಸುದ್ದಿಯೇ ಇಲ್ಲ.

ಕಡೆಗೆ ಧರ್ಮಕ್ಕೆ ಜಯವಾಯಿತು. ಹತ್ತು ಗಂಟೆಗೆ ರಾಯರು ಪಂಚೆ ಉಟ್ಟು, ಮೇಲೊಂದು ಸ್ವೆಟರ್ ಹಾಕಿ, ಮಫ್ಲರ್ ಸುತ್ತಿ ಮೇಲಿನ ಡೆಕ್ಕಿಗೆ ಹೋಗಿ ಅರ್ಘ್ಯ ಕೊಟ್ಟರು. ಸಂಧ್ಯಾವಂದನೆಗೆ ಮುಂಚೆ ಊಟ ಕೂಡದು ಎಂಬುದು ಮನೆತನದ ನಿಯಮ. ಹೀಗಾಗಿ, ಮನೆಯ ಹೊತ್ತಿಗೆ ಹತ್ತಿರವೆಂದು ತಾವೇ ಹಟ ಹಿಡಿದು ಬರೆಸಿದ್ದ ಐದೂವರೆಯ ಪಂಕ್ತಿ ಅವರಿಗೆ ತಪ್ಪಿತು. ಹತ್ತೂವರೆಗೆ ದೊಡ್ಡ ಊಟದ ಹಾಲು ಮುಚ್ಚಿತ್ತು. ಇಡೀ ಹಡಗಿನಲ್ಲಿ ಉರಿಯುತ್ತಿದ್ದುದು ಒಂದೇ ಒಲೆ, ಪಿಜ್ಜಾದ್ದು.

ಕೌಂಟರಿನ ಹಿಂದೆ ನಿಂತಿದ್ದ ಹುಡುಗ ಕುಂದಾಪುರದ ಕಡೆಯವನು. ರಾಯರ ಪಂಚೆ ನೋಡಿದ್ದೇ ಅವನ ಮುಖ ಅರಳಿತು. “ಎಂತ ಕೊಡ್ಲಿ ಸಾರ್?” ಈರುಳ್ಳಿ ಬೇಡ, ಬೆಳ್ಳುಳ್ಳಿ ಬೇಡ, ಆ ಕೆಂಪು ಸಾಸ್‌ನಲ್ಲೂ ಬೆಳ್ಳುಳ್ಳಿ ಇರುತ್ತದೆ, ಆದ್ದರಿಂದ ಅದೂ ಬೇಡ ಎಂದರು ರಾಯರು. ಉಳಿದದ್ದು ರೊಟ್ಟಿ ಮತ್ತು ಚೀಸು. ರಾಯರು ಜೇಬಿನಿಂದ ಪೊಟ್ಟಣ ತೆಗೆದು ಮೇಲೆ ಚಟ್ನಿಪುಡಿ ಉದುರಿಸಿದರು. ಮೂರನೆಯ ರಾತ್ರಿಯ ಹೊತ್ತಿಗೆ ಅವರು ಮೆಟ್ಟಿಲಿಳಿಯುವುದು ಕಂಡರೆ ಸಾಕು, ಹುಡುಗ ಹಿಟ್ಟು ತಟ್ಟತೊಡಗುತ್ತಿದ್ದ.

ಆಗ ಬಂತು ಏಕಾದಶಿ. ಇಲ್ಲಿಯದೋ ಅಲ್ಲಿಯದೋ? ಬೆಂಗಳೂರು ಅಲಾಸ್ಕಾಕ್ಕಿಂತ ಹದಿಮೂರೂವರೆ ಗಂಟೆ ಮುಂದಿದೆ. ರಾಯರು ಹಡಗಿನ ವೈ–ಫೈಯಲ್ಲಿ ಬಸವನಗುಡಿಯ ಪುರೋಹಿತರಿಗೆ ಫೋನು ಹಚ್ಚಿದರು. ಅಲ್ಲಿ ಮಧ್ಯಾಹ್ನ.

“ನೀವಿರೋ ಕಡೆ ಸೂರ್ಯೋದಯಕ್ಕೆ ಯಾವ ತಿಥಿ ಇರುತ್ತೋ ಅದನ್ನೇ ಹಿಡೀರಿ ರಾಯರೇ. ಸೂರ್ಯೋದಯ ಎಷ್ಟು ಹೊತ್ತಿಗೆ?”

“ನಾಲ್ಕಕ್ಕೆ ಮುಂಚೆ.”

“ಅಸ್ತ?”

“ಹತ್ತಾಗುತ್ತೆ.”

“ಮತ್ತೆ ನೀವು ಮಲಗೋದು ಯಾವಾಗ?”

ಸಿಗ್ನಲ್ ಸರಿಯಿಲ್ಲ ಎಂದು ರಾಯರು ಫೋನು ಇಟ್ಟರು.

ಅವರು ಮಲಗುತ್ತಲೇ ಇರಲಿಲ್ಲ. ಪಿಜ್ಜಾ ಕೌಂಟರಿನ ಪಕ್ಕದ ಮೇಜಿನಲ್ಲಿ ಅಷ್ಟರಲ್ಲಿ ಒಂದು ಕಟ್ಟೆ ತಯಾರಾಗಿತ್ತು. ಮಲ್ಲೇಶ್ವರದ ನಿವೃತ್ತ ಎಂಜಿನಿಯರ್ ಒಬ್ಬರು, ಚಾಮರಾಜಪೇಟೆಯ ನಿವೃತ್ತ ಉಪನ್ಯಾಸಕರೊಬ್ಬರು, ಅವರ ಅರ್ಧಾಂಗಿಯರು, ಎಲ್ಲರೂ ಮಕ್ಕಳು ಟಿಕೆಟ್ ತೆಗೆಸಿಕೊಟ್ಟವರೇ, ಎಲ್ಲರೂ ಊರಿನಲ್ಲಿ ಒಂಬತ್ತೂವರೆಯವರೇ. ಎಲ್ಲರ ಬಳಿಯೂ ಎಚ್ಚರವಾಗಿರಲು ಒಂದೊಂದು ಒಪ್ಪತಕ್ಕ ಕಾರಣವಿತ್ತು. ಒಬ್ಬರಿಗೆ ಗ್ಯಾಸ್ಟ್ರಿಕ್, ಒಬ್ಬರಿಗೆ ತಿಮಿಂಗಿಲ ಕಂಡೀತೆಂಬ ಆಸೆ, ಇನ್ನೊಬ್ಬರಿಗೆ ಮೊಮ್ಮಗ ಡಿಸ್ಕೊದಿಂದ ವಾಪಸು ಬಂದನೇ ನೋಡಬೇಕಿತ್ತು. ಬಸವನಗುಡಿ ದೊಡ್ಡದೋ ಮಲ್ಲೇಶ್ವರ ದೊಡ್ಡದೋ ಎಂಬಲ್ಲಿಗೆ ಮಾತು ಹೋಯಿತು. ಎರಡೂ 1898ರ ಪ್ಲೇಗಿನ ಹೊಡೆತಕ್ಕೆ ಹುಟ್ಟಿದ ಬಡಾವಣೆಗಳು, ಅವಳಿ ಮಕ್ಕಳು, ಆದ್ದರಿಂದ ಜಗಳ ಮುಗಿಯುವಂತಿರಲಿಲ್ಲ. ಚಾಮರಾಜಪೇಟೆಯವರು ಗಂಟಲು ಸರಿಮಾಡಿಕೊಂಡು, “ನಮ್ಮದು 1892. ನಿಮ್ಮಿಬ್ಬರಿಗೂ ಅಣ್ಣ. ಸಾಹಿತ್ಯ ಪರಿಷತ್ತೂ ನಮ್ಮಲ್ಲೇ ಇರೋದು” ಎಂದು ತೀರ್ಪು ಕೊಟ್ಟರು. ತೀರ್ಪನ್ನು ಇಬ್ಬರೂ ತಿರಸ್ಕರಿಸಿದರು.

ಇನ್ನು ದೋಸೆ. ಮಲ್ಲೇಶ್ವರದ ಸಿ.ಟಿ.ಆರ್. ಹೋಟೆಲಿನ ಪಕ್ಷ, ಬಸವನಗುಡಿಯ ವಿದ್ಯಾರ್ಥಿ ಭವನದ ಪಕ್ಷ. 1943ರಿಂದ ಗಾಂಧಿ ಬಜಾರಿನಲ್ಲಿ ದೋಸೆ ಹುಯ್ಯುತ್ತಿರುವವರ ಮುಂದೆ ಯಾರಿದ್ದಾರೆ ಎಂದು ರಾಯರು ಮೇಜು ಗುದ್ದಿದರು. ಗುದ್ದಿದ ಮೇಲೆ ಎಲ್ಲರ ಬಾಯಲ್ಲೂ ನೀರೂರಿ ಮಾತು ನಿಂತಿತು. ಹಡಗಿನಲ್ಲಿ ಗುರುವಾರ ರಾತ್ರಿ ಹನ್ನೊಂದು ಗಂಟೆ. ರಾಯರೇ ಲೆಕ್ಕ ಹಾಕಿ ಎಲ್ಲರನ್ನೂ ಸಮಾಧಾನಪಡಿಸಿದರು: “ಅಲ್ಲಿ ಈಗಾಗಲೇ ಶುಕ್ರವಾರ ಮಧ್ಯಾಹ್ನ. ವಿದ್ಯಾರ್ಥಿ ಭವನಕ್ಕೆ ರಜ. ಅಲ್ಲಿದ್ದಿದ್ರೂ ಸಿಗ್ತಿರ್ಲಿಲ್ಲ ಬಿಡಿ.”

ಇಸ್ಪೀಟೂ ಬಂತು. ರಾಯರ ಹೆಂಡತಿ ಹುಬ್ಬು ಗಂಟು ಹಾಕಿದರು. “ಮಾಸ್ತಿಯವರು ಗವಿಪುರದ ಮನೆಯಿಂದ ಬಸವನಗುಡಿ ಕ್ಲಬ್ಬಿಗೆ ನಡ್ಕೊಂಡು ಹೋಗಿ ಇಸ್ಪೀಟು ಆಡ್ತಿದ್ರು. ಜ್ಞಾನಪೀಠ ಬರ್ಲಿಲ್ವಾ?” ಎಂದರು ರಾಯರು. “ಅವರು ಆಟ ಮುಗಿಸಿ ಮನೆಗೆ ಬಂದು ಬರೀತಿದ್ರು” ಎಂದರು ಆಕೆ. ಆಟ ಮುಂದುವರಿಯಿತು. ಆಮೇಲೆ ಎಂಜಿನಿಯರ್ ಮೆಲ್ಲಗೆ ಒಂದು ಕಲ್ಯಾಣಿ ಎತ್ತಿಕೊಂಡರು, ಉಪನ್ಯಾಸಕರು ಮೇಜಿನ ಮೇಲೆ ಮೃದಂಗ ಬಾರಿಸಿದರು, ರಾಯರು ಆದಿತಾಳ ಹಾಕಿದರು. ಕೆಳಗಿನ ಮಹಡಿಯಲ್ಲಿ ನೂರು ಜನ ಸದ್ದಿಲ್ಲದೆ ಕುಣಿಯುತ್ತಿದ್ದರು.

ಒಂದು ಗಂಟೆಗೆ ಕೌಂಟರ್ ಮುಚ್ಚಿದರೂ ಸಭೆ ಮುಗಿಯಲಿಲ್ಲ. ‘ಬರ್ತೀವಿ’ ಎಂದು ಮೇಜಿನಿಂದ ಎದ್ದು, ಲಿಫ್ಟಿನ ಮುಂದೆ ಇನ್ನೊಮ್ಮೆ ‘ಬರ್ತೀವಿ’ ಅಂದು, ಕ್ಯಾಬಿನ್ ಬಾಗಿಲಲ್ಲಿ ನಿಂತು ಮಗಳಂದಿರ ಬಾಣಂತನ, ಅಳಿಯಂದಿರ ಗ್ರೀನ್ ಕಾರ್ಡ್, ಮೊಣಕಾಲ ಆಪರೇಷನ್ ಎಲ್ಲ ಮುಗಿಸಬೇಕಷ್ಟೆ. ಎದುರು ಕ್ಯಾಬಿನ್ನಿನ ಬಾಗಿಲು ತೆರೆದು ಅಮೆರಿಕದ ಅಜ್ಜ ಒಬ್ಬರು ನೈಟ್‌ಡ್ರೆಸ್ಸಿನಲ್ಲಿ ತಲೆ ಹೊರಹಾಕಿ, ಹಡಗಿಗೆ ಏನಾದರೂ ಆಯಿತೇ ಎಂದು ಕೇಳಿದರು. ರಾಯರು ಇಲ್ಲವೆಂದು ತಲೆಯಾಡಿಸಿದರು. ಬಾಗಿಲು ಮುಚ್ಚಿದ ಮೇಲೆ ಹೆಂಡತಿಗೆ, “ಪಾಪ, ಇಷ್ಟು ಬೇಗ ಮಲಗ್ತಾರೆ. ಈ ಜನಕ್ಕೆ ಸೋಷಿಯಲ್ ಲೈಫೇ ಇಲ್ಲ ಕಣೇ” ಎಂದರು.

ಈಗ ರಾಯರು ಬಸವನಗುಡಿಗೆ ಮರಳಿದ್ದಾರೆ. ಕೃಷ್ಣರಾವ್ ಪಾರ್ಕಿನ ಬೆಳಗಿನ ಗೆಳೆಯರಿಗೆ ಹಡಗಿನ ಜನ ಹೇಗೆ ರಾತ್ರಿಯಿಡೀ ಕುಡಿದು ಕುಣಿಯುತ್ತಾರೆ, ಹೇಗೆ ಹೊತ್ತುಗೊತ್ತಿಲ್ಲದೆ ತಿನ್ನುತ್ತಾರೆ ಎಂದು ವಿವರವಾಗಿ ಹೇಳುತ್ತಾರೆ. ಇಷ್ಟು ವಿವರ ಹೇಗೆ ತಿಳಿಯಿತೆಂದು ಯಾರೂ ಕೇಳಿಲ್ಲ. ತಾವು ಹೋದದ್ದರಲ್ಲಿ ಒಂದು ಅನುಕೂಲ ಮಾತ್ರ ಇತ್ತು, ನಿತ್ಯಕರ್ಮ ಒಂದು ದಿನವೂ ತಪ್ಪಲಿಲ್ಲ ಎನ್ನುತ್ತಾರೆ. ಅದೂ ನಿಜವೇ.

ಮೊನ್ನೆ ಮಗಳು ಫೋನು ಮಾಡಿ, ಮುಂದಿನ ಬೇಸಿಗೆಗೆ ನಾರ್ವೆ ಅಂದಳು. ಅಲ್ಲಿ ಉತ್ತರದ ತುದಿಯಲ್ಲಿ ಮೇ ಮಧ್ಯದಿಂದ ಜುಲೈ ಕಡೆಯವರೆಗೆ ಸೂರ್ಯ ಮುಳುಗುವುದೇ ಇಲ್ಲ. ರಾಯರು ಪಂಚಾಂಗ ಮಡಚಿ ಗಂಭೀರವಾಗಿ ಕೂತರು.

“ಮುಳುಗದಿದ್ರೆ ಸಾಯಂಸಂಧ್ಯೆ ಇಲ್ಲ. ಸಂಧ್ಯೆ ಇಲ್ದೆ ಊಟ ಇಲ್ಲ. ಏನ್ಮಾಡೋದು?”

“ನೀವು ಕಾಯ್ತಾ ಇರಿ” ಎಂದರು ಹೆಂಡತಿ, ಸೂಟ್‌ಕೇಸ್ ಅಟ್ಟದಿಂದ ಇಳಿಸುತ್ತ. “ನಾನೂ ಆ ಚಾಮರಾಜಪೇಟೆಯವರೂ ಡಿಸ್ಕೊಗೆ ಹೋಗ್ಬರ್ತೀವಿ.”